ಒಂದು ಬೆರಳಿಟ್ಟು ತೋರಿಸಿದ ನೋವು

ರಾಯಚೂರು ಜಿಲ್ಲೆಯಲ್ಲಿ ಸ್ತ್ರೀರೋಗ ವೈದ್ಯೆಯಾಗಿ ನಾನು 18 ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಬಹುದಿನದ ಕಿಬ್ಬೊಟ್ಟೆ ನೋವೆಂದು ಬರುವ ಹೆಂಗಸರ ಕೈಯಲ್ಲಿ ಸಾಮಾನ್ಯವಾಗಿ ಬಟ್ಟೆಯಂಗಡಿಯ ಒಂದು ಚೀಲವಿರುತ್ತದೆ. ಅದರೊಳಗೆ ಸಿಂಧನೂರು, ಗಂಗಾವತಿ, ರಾಯಚೂರು, ಕೆಲವೊಮ್ಮೆ ಹೈದರಾಬಾದಿನವರೆಗೂ ಅಲೆದು ಮಾಡಿಸಿದ ಸ್ಕ್ಯಾನಿಂಗ್ ರಿಪೋರ್ಟುಗಳೂ ಅರ್ಧಕ್ಕೆ ಬಿಟ್ಟ ಗುಳಿಗೆಗಳೂ ತುಂಬಿರುತ್ತವೆ. ಮೊದಲ ಹಲವು ವರ್ಷ ನಾನು ಆ ಚೀಲವನ್ನೇ ಮೊದಲು ಕೇಳುತ್ತಿದ್ದೆ. ರಿಪೋರ್ಟಿನಲ್ಲಿ ಗಡ್ಡೆಯಾಗಲಿ ನೀರುಗುಳ್ಳೆಯಾಗಲಿ ಕಾಣದಿದ್ದರೆ ‘ಏನೂ ಇಲ್ಲಮ್ಮ’ ಎಂದು ನೋವಿನ ಗುಳಿಗೆ ಬರೆದು ಕಳಿಸುತ್ತಿದ್ದೆ. ಈಗ ಚೀಲವನ್ನು ಪಕ್ಕಕ್ಕಿಡಲು ಹೇಳಿ ಮಾತಿನಿಂದ ಆರಂಭಿಸುತ್ತೇನೆ. ಹಾಗೆ ಬದಲಾಗಲು ಕಾರಣ ನಾನು ಮಾಡಿದ ಒಂದು ತಪ್ಪು.

ಆಕೆ ಭತ್ತದ ನಾಟಿಗೆ ಕೂಲಿ ಹೋಗುವವಳು. ಗುರುತು ಸಿಗದಂತೆ ಉಳಿದ ವಿವರಗಳನ್ನು ಬದಲಿಸಿದ್ದೇನೆ. ಮೂರು ಮಕ್ಕಳಾಗಿ ಸಂತಾನಹರಣ ಶಸ್ತ್ರಚಿಕಿತ್ಸೆಯೂ ಆಗಿತ್ತು. ಎರಡು ವರ್ಷದಿಂದ ಕಿಬ್ಬೊಟ್ಟೆಯ ಬಲಭಾಗದಲ್ಲಿ ನೋವಿತ್ತು. ಸ್ಕ್ಯಾನಿಂಗಿನಲ್ಲಿ ಗರ್ಭಕೋಶ ಸ್ವಲ್ಪ ದಪ್ಪವಾಗಿದೆಯೆಂದು ಬರೆದಿದ್ದರು. ‘ಮೇಡಮ್ಮಾರ, ಮಕ್ಕಳಾಗ್ಯಾವ, ಇನ್ನ ಆ ಚೀಲ ಇಟಗೊಂಡು ಏನ ಮಾಡ್ಲಿ, ತೆಗದಬಿಡ್ರಿ’ ಎಂದು ಆಕೆಯೇ ಕೇಳಿದಳು. ನಮ್ಮ ಕಡೆ ಗರ್ಭಕೋಶಕ್ಕೆ ಗರ್ಭಚೀಲವೆನ್ನುತ್ತಾರೆ. ಕೆಲಸ ಮುಗಿದ ಚೀಲವನ್ನು ತೆಗೆಸಿಬಿಟ್ಟರೆ ನೋವೂ ಹೋಗುತ್ತದೆಂಬ ನಂಬಿಕೆ ಓಣಿ ಓಣಿಯಲ್ಲಿದೆ. ಅಂಡಾಶಯಗಳನ್ನು ಉಳಿಸಿ ನಾನು ಗರ್ಭಕೋಶವನ್ನು ತೆಗೆದೆ. ನಾಲ್ಕು ತಿಂಗಳ ಮೇಲೆ ಆಕೆ ಮತ್ತೆ ಬಂದಳು, ಅದೇ ನೋವಿನೊಂದಿಗೆ.

ಎಲ್ಲಿ ನೋಯುತ್ತದೆ ತೋರಿಸು ಎಂದು ನಾನು ಕೇಳಿದ್ದು ಆ ದಿನವೇ. ಸೀರೆಯ ನಿರಿಗೆ ಸರಿಸಿ, ಹೊಕ್ಕುಳಿನಿಂದ ಕೆಳಗೆ ಬಲಕ್ಕೆ, ಒಂದೇ ಬೆರಳಿನ ತುದಿಯನ್ನು ಊರಿ ತೋರಿಸಿದಳು. ಒಳಗಿನ ಅಂಗದ ನೋವಿದ್ದವರು ಸಾಮಾನ್ಯವಾಗಿ ಅಂಗೈಯಿಡೀ ಹೊಟ್ಟೆಯ ಮೇಲೆ ಆಡಿಸುತ್ತಾರೆ. ಆಕೆಯನ್ನು ಅಂಗಾತ ಮಲಗಿಸಿ, ಅದೇ ಜಾಗವನ್ನು ಒತ್ತಿ ಹಿಡಿದು, ತಲೆಯನ್ನೂ ಹೆಗಲನ್ನೂ ಮೇಲೆತ್ತಲು ಹೇಳಿದೆ. ಹೊಟ್ಟೆಯ ಸ್ನಾಯು ಬಿಗಿಯಾದಾಗ ಒಳಗಿನ ಅಂಗಗಳಿಗೆ ಮರೆ ಸಿಕ್ಕಂತಾಗಿ ಅವುಗಳ ನೋವು ತಗ್ಗಬೇಕು. ನೋವು ಹೆಚ್ಚಾದರೆ ಅದು ಹೊಟ್ಟೆಯ ಗೋಡೆಯದು. ಕಾರ್ನೆಟ್ ಎಂಬ ಅಮೆರಿಕದ ಶಸ್ತ್ರವೈದ್ಯ 1926ರಲ್ಲಿ ವಿವರಿಸಿದ ಈ ಪರೀಕ್ಷೆಗೆ ಯಂತ್ರ ಬೇಡ, ಹಣ ಬೇಡ, ಅರ್ಧ ನಿಮಿಷ ಸಾಕು. ಆಕೆ ‘ಯವ್ವಾ’ ಎಂದು ನನ್ನ ಕೈ ಹಿಡಿದುಕೊಂಡಳು. ಹೊಟ್ಟೆಯ ನೇರ ಸ್ನಾಯುವಿನ ಹೊರ ಅಂಚಿನಲ್ಲಿ ತೂರಿ ಚರ್ಮಕ್ಕೆ ಬರುವ ಸಣ್ಣ ನರವೊಂದು ಅಲ್ಲಿ ಸಿಕ್ಕಿಕೊಂಡಿತ್ತು. ಆ ಬಿಂದುವಿಗೆ ಮರಗಟ್ಟಿಸುವ ಔಷಧವನ್ನು ಚುಚ್ಚಿದ ಹತ್ತು ನಿಮಿಷದಲ್ಲಿ ಆಕೆ ಎದ್ದು, ನಾಟಿ ಹಚ್ಚುವವಳಂತೆ ಬಾಗಿ ನೋಡಿದಳು.

‘ಹಂಗಾದ್ರ ಚೀಲದ ತಪ್ಪಿರಲಿಲ್ಲೇನ್ರಿ?’ ಎಂದು ಕೇಳಿದಳು. ಇರಲಿಲ್ಲ, ತಪ್ಪು ನನ್ನದು ಎಂದು ಹೇಳಿದೆ. ಆಕೆ ಏನೂ ಅನ್ನಲಿಲ್ಲ.

ಅಂದಿನಿಂದ, ಆರು ತಿಂಗಳಿಗೂ ಮೀರಿದ ನೋವೆಂದು ಬಂದ ಪ್ರತಿಯೊಬ್ಬರಿಗೂ ಮೊದಲ ಭೇಟಿಯಲ್ಲಿ ಅರ್ಧ ಗಂಟೆ ಕೊಡುತ್ತೇನೆ. ಹೊರಗೆ ಸಾಲು ಬೆಳೆಯುತ್ತದೆ. ಆದರೆ ಕಿಬ್ಬೊಟ್ಟೆಯಲ್ಲಿ ಗರ್ಭಕೋಶದ ಜೊತೆಗೇ ಮೂತ್ರಕೋಶ, ಕರುಳು, ಸ್ನಾಯು, ನರ ಎಲ್ಲವೂ ಒತ್ತೊತ್ತಾಗಿದ್ದು, ಒಂದರ ನೋವು ಇನ್ನೊಂದರದ್ದೆಂದು ತೋರುವುದರಿಂದ ಅವಸರದಲ್ಲಿ ಕೇಳಿದರೆ ದಾರಿ ತಪ್ಪುತ್ತದೆ. ‘ನೋವು ಹೇಗಿದೆ’ ಎಂದು ಪುಸ್ತಕದ ಕನ್ನಡದಲ್ಲಿ ಕೇಳಿದರೆ ‘ಭಾಳ ಐತ್ರಿ’ ಎಂಬ ಉತ್ತರ ಬಿಟ್ಟು ಬೇರೇನೂ ಸಿಗುವುದಿಲ್ಲ. ಕಡಿತೈತೋ, ಜಗ್ಗತೈತೋ, ಚುಚ್ಚತೈತೋ, ಉರಿತೈತೋ ಎಂದು ಅವರದೇ ಮಾತಿನಲ್ಲಿ ಕೇಳಿದಾಗ ಬಾಯಿ ಬಿಡುತ್ತಾರೆ. ತಿಂಗಳಿಗೊಮ್ಮೆ ಹಿಂಡಿದಂತೆ ಕಡಿಯುವುದು ನನ್ನನ್ನು ಗರ್ಭಕೋಶದತ್ತ ಕರೆದೊಯ್ಯುತ್ತದೆ. ಮೂತ್ರ ತುಂಬಿದಾಗ ಹೆಚ್ಚಿ, ಹೋದಮೇಲೆ ಇಳಿಯುವ ಉರಿ ಮೂತ್ರಕೋಶದತ್ತ. ಸಂಡಾಸಿಗೆ ಹೋದಮೇಲೆ ಹಗುರಾಗುವ ಕಡಿತ ಕರುಳಿನತ್ತ.

ಅತ್ತೆಯೋ ಗಂಡನೋ ಪಕ್ಕದಲ್ಲಿದ್ದರೆ ಅರ್ಧ ಮಾತು ಗಂಟಲಲ್ಲೇ ಉಳಿಯುತ್ತದೆ. ಆದ್ದರಿಂದ ತೂಕ ನೋಡಬೇಕೆಂದು ಹೇಳಿ ಆಕೆಯೊಬ್ಬಳನ್ನೇ ಒಳಕೋಣೆಗೆ ಕರೆದೊಯ್ಯುತ್ತೇನೆ. ಗಂಡನ ಜೊತೆ ಕೂಡುವಾಗ ನೋವಾಗುತ್ತದೆಯೇ, ಮನೆಯಲ್ಲಿ ಕೈ ಮಾಡುತ್ತಾರೆಯೇ, ಬಲವಂತವಿದೆಯೇ ಎಂದು ಅಲ್ಲಿ ಕೇಳುತ್ತೇನೆ. ಅದುವರೆಗೆ ತಲೆ ತಗ್ಗಿಸಿ ಕುಳಿತವಳು ಕಣ್ಣೆತ್ತಿ ನೋಡುವುದು ಈ ಪ್ರಶ್ನೆಗಳಿಗೇ.

ಮನೆಗೆ ಕಳಿಸುವಾಗ ಕ್ಯಾಲೆಂಡರಿನ ಕೆಲಸ ಹೇಳುತ್ತೇನೆ. ಗೊಬ್ಬರದಂಗಡಿಯವರು ಕೊಟ್ಟ ಕ್ಯಾಲೆಂಡರ್ ನಮ್ಮಲ್ಲಿ ಮನೆಮನೆಯ ಗೋಡೆಯ ಮೇಲಿದೆ. ನೋವು ಕಡಿಮೆಯಿದ್ದರೆ ಆ ತಾರೀಖಿನ ಕೆಳಗೆ ಒಂದು ಗೆರೆ, ಕೆಲಸ ನಿಲ್ಲಿಸುವಷ್ಟಿದ್ದರೆ ಎರಡು, ಹಾಸಿಗೆ ಹಿಡಿಸಿದರೆ ಮೂರು. ಮುಟ್ಟಾದ ದಿನಕ್ಕೊಂದು ಕುಂಕುಮದ ಬೊಟ್ಟು. ಅಕ್ಷರ ಬಾರದವರೂ ಇದನ್ನು ತಪ್ಪದೆ ಮಾಡುತ್ತಾರೆ. ಮೂರು ತಿಂಗಳ ಹಾಳೆಗಳನ್ನು ಹರಿದು ತಂದರೆ ಸಾಕು.

ಡಿಗ್ರಿ ಓದುವ ಹುಡುಗಿಯೊಬ್ಬಳು ತಂದ ಹಾಳೆಗಳಲ್ಲಿ ಮೂರು ಗೆರೆಗಳೆಲ್ಲ ಕುಂಕುಮದ ಬೊಟ್ಟುಗಳ ಸುತ್ತಲೇ ಇದ್ದವು. ಮುಟ್ಟಿನ ದಿನಗಳಲ್ಲಿ ಸಂಡಾಸಿಗೆ ಕುಳಿತರೆ ಚೂರಿ ಹಾಕಿದಂತಾಗುತ್ತದೆಂದು ಆಕೆ ತಾಯಿಗೂ ಹೇಳಿರಲಿಲ್ಲ. ಎರಡು ಸ್ಕ್ಯಾನಿಂಗ್ ಸರಿಯಾಗಿದ್ದವು. ಮದುವೆಯಾದರೆ ಸರಿಹೋಗುತ್ತದೆಂದು ಒಂದು ದವಾಖಾನೆಯಲ್ಲಿ ಹೇಳಿ ಕಳಿಸಿದ್ದರು. ನನಗೆ ಎಂಡೊಮೆಟ್ರಿಯೋಸಿಸ್‌ನ ಶಂಕೆ ಬಂತು. ಗರ್ಭಕೋಶದ ಒಳಪದರದಂಥದೇ ಅಂಗಾಂಶ ಹೊರಗೆಲ್ಲೋ ಬೆಳೆದು, ಸುತ್ತಲೂ ಉರಿಯೂತವೆಬ್ಬಿಸುವ ಕಾಯಿಲೆಯಿದು. ಸಂತಾನವಯಸ್ಸಿನ ಹೆಂಗಸರಲ್ಲಿ ಸುಮಾರು ಶೇ. 10ರಷ್ಟು ಮಂದಿಗೆ ಇದೆಯೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ತೆಳುವಾಗಿ ಹರಡಿದ ಕಲೆಗಳು ಸ್ಕ್ಯಾನಿಂಗಿಗೆ ಕಾಣುವುದಿಲ್ಲ. ಹಿಂದೆ ಲ್ಯಾಪರೊಸ್ಕೋಪಿ ಮಾಡಿ, ಎಂದರೆ ಹೊಟ್ಟೆಗೆ ಸಣ್ಣ ರಂಧ್ರ ಮಾಡಿ ಕ್ಯಾಮೆರಾ ಇಳಿಸಿ, ಕಣ್ಣಾರೆ ನೋಡದೆ ಈ ಕಾಯಿಲೆಯ ಹೆಸರೆತ್ತಬಾರದೆಂದು ನಮಗೆ ಕಲಿಸಿದ್ದರು. ಲಕ್ಷಣಗಳ ಆಧಾರದ ಮೇಲೂ ಚಿಕಿತ್ಸೆ ಆರಂಭಿಸಬಹುದೆಂದು 2022ರ ಯುರೋಪಿನ ಮಾರ್ಗಸೂಚಿ ಒಪ್ಪಿಕೊಂಡಿದೆ. ದಿನಕ್ಕೆ 2 ಮಿಲಿಗ್ರಾಂ ಡೈನೊಜೆಸ್ಟ್ ಎಂಬ ಹಾರ್ಮೋನ್ ಗುಳಿಗೆಯನ್ನು ಬರೆದೆ, ಮುಟ್ಟು ನಿಂತರೆ ಹೆದರಬೇಡಿರೆಂದು ತಾಯಿಗೆ ಬಿಡಿಸಿ ಹೇಳಿದೆ. ‘ಮುಂದ ಮಕ್ಕಳಾಗತಾವಿಲ್ರಿ?’ ಎಂಬುದೊಂದೇ ಆ ತಾಯಿಯ ಪ್ರಶ್ನೆಯಾಗಿತ್ತು. ಕೆಲವರಿಗೆ ತಡವಾಗಬಹುದು, ಬಹಳ ಮಂದಿಗೆ ಆಗುತ್ತವೆ ಎಂದೆ. ಮೂರು ತಿಂಗಳಿಗೆ ಹಾಳೆಯ ಮೇಲೆ ಒಂಟಿ ಗೆರೆಗಳಷ್ಟೇ ಉಳಿದವು.

ನಮ್ಮ ನಾಡಿನಲ್ಲಿ ಜನನಾಂಗದ ಕ್ಷಯವನ್ನು ಮರೆಯುವಂತಿಲ್ಲ: ನೋವಿನ ಜೊತೆಗೆ ಮಕ್ಕಳಾಗದಿರುವುದು, ಮುಟ್ಟು ಕಡಿಮೆಯಾಗುತ್ತ ಬರುವುದು ಇದ್ದರೆ ಗರ್ಭಕೋಶದ ಒಳಪದರದ ತುಣುಕನ್ನು ಪರೀಕ್ಷೆಗೆ ಕಳಿಸುತ್ತೇನೆ, ಔಷಧ ಸರ್ಕಾರದಿಂದ ಉಚಿತವಾಗಿ ಸಿಗುತ್ತದೆ. ಉರಿಮೂತ್ರಕ್ಕೆ, ಮೂತ್ರದಲ್ಲಿ ರೋಗಾಣು ಬೆಳೆಯುತ್ತದೆಯೇ ಎಂದು ನೋಡುವ ಕಲ್ಚರ್ ಪರೀಕ್ಷೆಯಿಲ್ಲದೆ ಪದೇ ಪದೇ ಆಂಟಿಬಯೋಟಿಕ್ ಬರೆಯುವುದನ್ನು ಬಿಟ್ಟಿದ್ದೇನೆ. ಕಿಬ್ಬೊಟ್ಟೆಯ ತಳದ ಸ್ನಾಯುಗಳು ಸದಾ ಬಿಗಿದುಕೊಂಡು ನೋಯುವವರು ನಾನೆಣಿಸಿದ್ದಕ್ಕಿಂತ ಹೆಚ್ಚು. ಅಂಥವರಿಗೆ ಬಿಗಿಹಿಡಿಯುವ ವ್ಯಾಯಾಮ ಹೇಳಿಕೊಟ್ಟರೆ ನೋವು ಏರುತ್ತದೆ. ಹೊಟ್ಟೆಯುಬ್ಬುವಂತೆ ನಿಧಾನವಾಗಿ ಉಸಿರೆಳೆದು, ಮೂತ್ರ ಬಿಡುವಾಗಿನಂತೆ ಕೆಳಗನ್ನು ಸಡಿಲಬಿಡುವುದನ್ನು ನಾನೇ ಪಕ್ಕದಲ್ಲಿ ಕುಳಿತು ಕಲಿಸುತ್ತೇನೆ.

ಗರ್ಭಕೋಶ ತೆಗೆಯುವುದನ್ನು ನಾನು ಪೂರ್ತಿ ನಿಲ್ಲಿಸಿಲ್ಲ. ಔಷಧಕ್ಕೆ ಜಗ್ಗದ ರಕ್ತಸ್ರಾವವಿದ್ದು, ಗರ್ಭಕೋಶದ ಗೋಡೆಯಲ್ಲೇ ಕಾಯಿಲೆಯಿದ್ದವರಿಗೆ ಅದರಿಂದ ನಿಜವಾದ ಬಿಡುಗಡೆ ಸಿಗುತ್ತದೆ. ಆದರೆ ನೋವೊಂದೇ ಕಾರಣವಾಗಿದ್ದರೆ ಕಾರ್ನೆಟ್ ಪರೀಕ್ಷೆಯಾಗದೆ, ಮೂರು ತಿಂಗಳ ಹಾಳೆ ನೋಡದೆ ತಾರೀಖು ಕೊಡುವುದಿಲ್ಲ. ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯುವ ಕೇಂದ್ರದ ಮಾರ್ಗಸೂಚಿಯನ್ನು ಮೂರು ತಿಂಗಳೊಳಗೆ ಜಾರಿಗೆ ತರಬೇಕೆಂದು ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ರಾಜ್ಯಗಳಿಗೆ ಆದೇಶಿಸಿದಾಗ, ನನಗೆ ಮೊದಲು ನೆನಪಾದದ್ದು ಆ ಒಂದು ಬೆರಳು.

ಉತ್ತರ ಸಿಗದವರೂ ಇದ್ದಾರೆ. ಅವರಿಗೆ ‘ಏನೂ ಇಲ್ಲ’ ಎನ್ನದೆ ‘ನನಗಿನ್ನೂ ಸಿಕ್ಕಿಲ್ಲ’ ಎಂದು ಹೇಳಿ ಮುಂದಿನ ತಾರೀಖು ಕೊಡುತ್ತೇನೆ. ಆ ಮೊದಲ ಹೆಂಗಸು ಈಗಲೂ ಬರುತ್ತಾಳೆ. ಮೂರು ಸಲ ಚುಚ್ಚುಮದ್ದು ಕೊಟ್ಟಮೇಲೆ ನೋವು ಬಹುಮಟ್ಟಿಗೆ ಇಳಿದಿದೆ. ಕಾಲುವೆಗೆ ನೀರು ಬಿಟ್ಟು ನಾಟಿ ಮುಗಿದ ಮೇಲೆ ಈ ಸಲ ಆಕೆ ತಂದ ಆಗಸ್ಟ್ ಹಾಳೆಯಲ್ಲಿ ನಾಲ್ಕು ದಿನ ಮಾತ್ರ ಎರಡೆರಡು ಗೆರೆಗಳಿದ್ದವು. ಕಾರಣವೇನೆಂದು ನಾನು ಕೇಳುವ ಮೊದಲೇ ಆ ತಾರೀಖುಗಳ ಮೇಲೆ ಬೆರಳಿಟ್ಟು, ‘ಇವು ನಾಟಿ ದಿನ ಅಲ್ರಿ, ಎಮ್ಮಿಗೆ ಹುಲ್ಲಿನ ಹೊರಿ ಹೊತ್ತ ದಿನ’ ಎಂದಳು.