ಕಚೇರಿಯ ಹಳೇ ಟವರ್‌ನಿಂದ ಕಡಿಮೆ ಖರ್ಚಿನ ಗೇಮಿಂಗ್ ಪಿಸಿ

‘ಕಡಿಮೆ ರೇಟಿನ ಗೇಮಿಂಗ್ ಪಿಸಿ ಇದೆಯಾ?’ ಎಂದು ಅಂಗಡಿಯಲ್ಲಿ ಕೇಳಿದರೆ ಸಾಮಾನ್ಯವಾಗಿ ಗಾಜಿನ ಬಾಗಿಲಿನ, ಬಣ್ಣಬಣ್ಣದ ಫ್ಯಾನ್ ತಿರುಗುವ ಕ್ಯಾಬಿನೆಟ್ ತೋರಿಸುತ್ತಾರೆ. ಮೇಲೊಂದು ಚೀಟಿ: ಐ7 ಪ್ರೊಸೆಸರ್, 16 ಜಿಬಿ ರ‍್ಯಾಮ್, 4 ಜಿಬಿ ಗ್ರಾಫಿಕ್ಸ್. ಒಳಗೆ ಇಣುಕಿದರೆ 2011ರ ಐ7-2600, ಹೆಸರು ಕೇಳಿರದ ಕಂಪನಿಯ ಎಚ್61 ಮದರ್‌ಬೋರ್ಡ್, ಜಿಟಿ 730 ಗ್ರಾಫಿಕ್ಸ್ ಕಾರ್ಡ್. ಚೀಟಿಯಲ್ಲಿ ಬರೆದದ್ದು ಒಂದೂ ಸುಳ್ಳಲ್ಲ. ಆದರೆ ಮನೆಗೆ ತಂದು ಜಿಟಿಎ 5 ಗೇಮ್ ಹಾಕಿದ ದಿನವೇ ಮಕ್ಕಳ ಮುಖ ಬಾಡುತ್ತದೆ.

ಅದೇ ದುಡ್ಡಿಗೆ ಬಣ್ಣದ ದೀಪವಿಲ್ಲದ ಕಪ್ಪು ಡಬ್ಬಿಯೊಂದರಲ್ಲಿ ಇದಕ್ಕಿಂತ ಎಷ್ಟೋ ಚೆನ್ನಾಗಿ ಓಡುವ ಯಂತ್ರ ಸಿದ್ಧವಾಗುತ್ತದೆ. ಕಂಪನಿಗಳು ಬಳಸಿ ಹೊರಹಾಕಿದ ಡೆಲ್, ಎಚ್‌ಪಿ, ಲೆನೊವೊ ಕಚೇರಿ ಟವರನ್ನು (ನಿಲ್ಲಿಸಿಡುವ ಸಿಪಿಯು ಡಬ್ಬಿಯನ್ನು) ಇಡಿಯಾಗಿ ಕೊಳ್ಳಬೇಕು, ಅದರ ಸ್ಲಾಟಿಗೆ ಒಗ್ಗುವ ಗ್ರಾಫಿಕ್ಸ್ ಕಾರ್ಡ್ ಕೂರಿಸಬೇಕು. ಬೋರ್ಡ್ ಒಂದು ಕಡೆ, ಪ್ರೊಸೆಸರ್ ಇನ್ನೊಂದು ಕಡೆ ಹುಡುಕಿ ಬಿಡಿಬಿಡಿಯಾಗಿ ಕೂಡಿಸಲು ಹೋದರೆ ಲೆಕ್ಕ ಕೈಮೀರುತ್ತದೆ. 2025ರ ಕೊನೆಯಿಂದ ರ‍್ಯಾಮ್ ಬೆಲೆ ಏರಿರುವುದರಿಂದ, ರ‍್ಯಾಮ್ ಸಮೇತ ಬರುವ ಟವರ್ ಈಗ ಇನ್ನಷ್ಟು ಲಾಭ.

ಮೊದಲು ದುಡ್ಡು ಹಂಚಿಕೊಳ್ಳಿ

ಮಾನಿಟರ್ ಬಿಟ್ಟು ಕೈಯಲ್ಲಿರುವುದು ನೂರು ರೂಪಾಯಿ ಎಂದುಕೊಳ್ಳಿ. 45 ಟವರಿಗೆ, 30 ಗ್ರಾಫಿಕ್ಸ್ ಕಾರ್ಡಿಗೆ, 15 ಹೊಸ ಎಸ್‌ಎಸ್‌ಡಿಗೆ, ಅಂದರೆ ಹಾರ್ಡ್‌ಡಿಸ್ಕಿನ ಬದಲಿಗೆ ಬಳಸುವ ವೇಗದ ಡ್ರೈವಿಗೆ. ಉಳಿದ 10 ಮುಟ್ಟದೆ ಇಡಿ. ಎರಡನೇ ರ‍್ಯಾಮ್ ಕಡ್ಡಿ, ಥರ್ಮಲ್ ಪೇಸ್ಟ್, ಕೇಬಲ್, ಓಡಾಟದ ಖರ್ಚು ಎಲ್ಲ ಅದರಲ್ಲೇ ಕಳೆಯುತ್ತದೆ. ಹೋಗುವ ಮುನ್ನ ಅದೇ ಕಾರ್ಡಿನ ಅಥವಾ ಅದಕ್ಕೆ ಸಮನಾದ ಕಾರ್ಡಿನ ಹೊಸ ಬೆಲೆ ಎಷ್ಟಿದೆ ಎಂದು ಮೊಬೈಲಿನಲ್ಲಿ ನೋಡಿಕೊಳ್ಳಿ. ವಾರಂಟಿ ಮುಗಿದ ಕಾರ್ಡಿಗೆ ಹೊಸದರ ಶೇ 60ಕ್ಕಿಂತ ಹೆಚ್ಚು ಕೇಳಿದರೆ ಹಳೆಯದನ್ನು ಕೊಳ್ಳುವುದರಲ್ಲಿ ಅರ್ಥವಿಲ್ಲ. ಜಿಎಸ್‌ಟಿ ಬಿಲ್ ಜೊತೆ ಹೊಸದನ್ನೇ ತನ್ನಿ.

ಎಲ್ಲಿ ಹುಡುಕುವುದು

ನಮ್ಮ ದಾವಣಗೆರೆ ಕಾಲೇಜುಗಳ ಊರು. ಬಿಐಇಟಿ, ಯುಬಿಡಿಟಿ, ಜಿಎಂಐಟಿಯಂಥ ಎಂಜಿನಿಯರಿಂಗ್ ಕಾಲೇಜುಗಳ ಕೊನೆಯ ವರ್ಷದ ಪರೀಕ್ಷೆ ಮುಗಿದು ಹಾಸ್ಟೆಲ್ ಖಾಲಿಯಾಗುವ ದಿನಗಳೇ ಸುಗ್ಗಿ. ಊರಿಗೆ ಹೊರಟವರಿಗೆ ಪಿಸಿ ಹೊತ್ತುಕೊಂಡು ಹೋಗುವುದೇ ದೊಡ್ಡ ತಲೆನೋವು. ಆಗ ಬೆಲೆಯೂ ಇಳಿಯುತ್ತದೆ, ಕೊಂಡಾಗಿನ ಬಿಲ್ಲೂ ಸಿಗುವ ಸಾಧ್ಯತೆ ಹೆಚ್ಚು.

ಹೆಚ್ಚಿನವರು ಯೋಚಿಸದ ಇನ್ನೊಂದು ಜಾಗವೆಂದರೆ ಫೋಟೊ ಸ್ಟುಡಿಯೊ. ಮದುವೆ ಆಲ್ಬಂ, ವಿಡಿಯೊ ಎಡಿಟಿಂಗ್ ಮಾಡುವವರ ಬಳಿ ಒಳ್ಳೆಯ ಕಾರ್ಡುಗಳಿರುತ್ತವೆ, ಕೆಲಸ ಹೆಚ್ಚಿದಂತೆ ಅವನ್ನು ಬದಲಿಸುತ್ತಾರೆ. ಚಿತ್ರದುರ್ಗ, ಹರಿಹರದ ಸ್ಟುಡಿಯೊಗಳಲ್ಲೂ ಒಂದು ಮಾತು ಹೇಳಿಟ್ಟಿರಿ. ಫ್ಲೆಕ್ಸ್ ಪ್ರಿಂಟಿಂಗ್ ಅಂಗಡಿಯ ಯಂತ್ರಗಳ ಬಗ್ಗೆ ಮಾತ್ರ ಎಚ್ಚರ. ಅವು ಶಾಯಿ ವಾಸನೆಯ ಕೋಣೆಯಲ್ಲಿ ದಿನವಿಡೀ ಓಡಿರುತ್ತವೆ, ಫ್ಯಾನಿನ ಎಸಳಿಗೆ ಜಿಗುಟು ಧೂಳು ಕೂತಿರುತ್ತದೆ.

ಕಚೇರಿ ಟವರ್ ಬೇಕಾದಷ್ಟು ಇರುವುದು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ, ಅಂದರೆ ಸಾದರ ಪತ್ರಪ್ಪ ರಸ್ತೆಯಲ್ಲಿ. ಬೆಳಗಿನ ರೈಲಿಗೆ ಹತ್ತಿ ಮೆಜೆಸ್ಟಿಕ್‌ನಲ್ಲಿ ಇಳಿದರೆ ಅಲ್ಲಿಂದ ದೂರವೇನಿಲ್ಲ. ಆದರೆ ಒಂದೇ ಟವರಿಗಾಗಿ ಹೋಗಿಬಂದರೆ ಉಳಿಸಿದ್ದು ಓಡಾಟಕ್ಕೇ ಸರಿಯಾಗುತ್ತದೆ. ಇಬ್ಬರು ಮೂವರು ಸ್ನೇಹಿತರು ಸೇರಿ ಹೋಗಿ, ಮೂರು ಟವರ್ ಒಟ್ಟಿಗೆ ಕೇಳಿ. ಚೌಕಾಸಿಗೆ ಬಲ ಬರುವುದು ಆಗ.

ಟವರ್ ಆರಿಸುವಾಗ

‘ಐ5’, ‘ಐ7’ ಎಂಬ ಮಾತಿಗೆ ಬೆಲೆ ಕೊಡಬೇಡಿ. ಅಡ್ಡಗೆರೆಯ ನಂತರದ ಸಂಖ್ಯೆ ಕೇಳಿ. ಐ5-8500 ಎಂದರೆ ಎಂಟನೇ ತಲೆಮಾರು, ಆರು ಕೋರ್ (ಒಟ್ಟಿಗೆ ದುಡಿಯುವ ಘಟಕ). ಐ7-2600 ಎಂದರೆ ಎರಡನೆಯದು, ನಾಲ್ಕೇ ಕೋರ್. ಗೇಮಿನಲ್ಲಿ ಮೊದಲನೆಯದು ಎರಡನೆಯದನ್ನು ಎಲ್ಲೋ ಹಿಂದೆ ಬಿಡುತ್ತದೆ. ಎಂಟನೇ ತಲೆಮಾರಿಗಿಂತ ಕೆಳಗೆ ಇಳಿಯದಿರಲು ಇನ್ನೊಂದು ಗಟ್ಟಿ ಕಾರಣವಿದೆ. ಇಂಟೆಲ್‌ನಲ್ಲಿ ವಿಂಡೋಸ್ 11 ಅಧಿಕೃತವಾಗಿ ನಡೆಯುವುದು ಅಲ್ಲಿಂದಲೇ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವ್ಯಾಲೊರಂಟ್ ಆಡುವವರಿಗಂತೂ ವಿಂಡೋಸ್ 11ರಲ್ಲಿ ಟಿಪಿಎಂ 2.0, ಸೆಕ್ಯೂರ್ ಬೂಟ್ ಎಂಬ ಎರಡು ಭದ್ರತಾ ಸೌಲಭ್ಯಗಳೂ ಬೇಕೇಬೇಕು. ಸಂಖ್ಯೆಯ ಕೊನೆಯಲ್ಲಿ ‘ಟಿ’ ಇದ್ದರೆ ಅದು 35 ವಾಟಿನ ನಿಧಾನದ ಪ್ರೊಸೆಸರ್, ಬಿಡಿ.

ಗಾತ್ರ ಕೂಡ ಅಷ್ಟೇ ಮುಖ್ಯ. ಪುಸ್ತಕದಷ್ಟು ದಪ್ಪದ ಮೈಕ್ರೋ ಡಬ್ಬಿಯಲ್ಲಿ ಕಾರ್ಡ್ ಹಾಕುವ ಸ್ಲಾಟೇ ಇರುವುದಿಲ್ಲ. ಅದಕ್ಕಿಂತ ದೊಡ್ಡದಾದ ಎಸ್‌ಎಫ್‌ಎಫ್ ಡಬ್ಬಿಗೆ ಅರ್ಧ ಎತ್ತರದ ಲೋ-ಪ್ರೊಫೈಲ್ ಕಾರ್ಡ್ ಮಾತ್ರ ಹಿಡಿಸುತ್ತದೆ, ಅಂಥ ಕಾರ್ಡ್ ಸಿಗುವುದೂ ಕಡಿಮೆ, ಸಿಕ್ಕರೂ ದುಬಾರಿ. ಕೇಳಬೇಕಾದದ್ದು ‘ಎಂಟಿ’, ಅಂದರೆ ಮಿನಿ ಟವರ್.

ಟವರ್ ಆನ್ ಮಾಡಿಸಿ, ಅಂಗಡಿಯವರಿಗೇ ಬಯಾಸ್ (ವಿಂಡೋಸ್‌ಗೂ ಮೊದಲು ಬರುವ ಬೋರ್ಡಿನ ಸೆಟ್ಟಿಂಗ್ ಪರದೆ) ತೆರೆಯಲು ಹೇಳಿ: ಡೆಲ್‌ಗೆ ಎಫ್2, ಎಚ್‌ಪಿಗೆ ಎಫ್10, ಲೆನೊವೊಗೆ ಎಫ್1. ಪಾಸ್‌ವರ್ಡ್ ಕೇಳಿತು ಎಂದರೆ ಹಳೇ ಕಂಪನಿಯ ಬೀಗ ಇನ್ನೂ ಕಳಚಿಲ್ಲ. ಸೆಕ್ಯೂರ್ ಬೂಟ್ ಬದಲಿಸಲಾಗದು, ಪೆನ್‌ಡ್ರೈವ್‌ನಿಂದ ವಿಂಡೋಸ್ ಹಾಕುವುದೂ ಕೆಲವೊಮ್ಮೆ ಆಗದು. ‘ಮನೆಗೆ ಹೋಗಿ ಬ್ಯಾಟರಿ ತೆಗೆದುಹಾಕಿ, ಹೋಗುತ್ತೆ’ ಎಂದರೆ ಒಪ್ಪಬೇಡಿ. ಈ ಯಂತ್ರಗಳಲ್ಲಿ ಬ್ಯಾಟರಿ ತೆಗೆದರೆ ಪಾಸ್‌ವರ್ಡ್ ಹೋಗುತ್ತದೆಂಬ ಖಾತ್ರಿಯಿಲ್ಲ. ಅಲ್ಲೇ ತೆಗೆಸಿ, ಇಲ್ಲವೇ ಬೇರೆ ಟವರ್ ನೋಡಿ.

ಕಾರ್ಡ್: ಸ್ಲಾಟಿನ 75 ವಾಟಿನೊಳಗೆ

ಎಲ್ಲಕ್ಕಿಂತ ಹೆಚ್ಚು ಜನ ಎಡವುವುದು ಇಲ್ಲಿ. ಬೋರ್ಡಿನ ಸ್ಲಾಟ್ ಕಾರ್ಡಿಗೆ ಕೊಡಬಲ್ಲದ್ದು ಹೆಚ್ಚೆಂದರೆ 75 ವಾಟ್. ಅದಕ್ಕಿಂತ ಹೆಚ್ಚು ಬೇಕಾದ ಕಾರ್ಡಿನ ಮೇಲೆ 6 ಅಥವಾ 8 ಪಿನ್ನಿನ ಪವರ್ ಕಿಂಡಿ ಇರುತ್ತದೆ. ಕಚೇರಿ ಟವರಿನ ಎಸ್‌ಎಂಪಿಎಸ್ (ಒಳಗಿನ ಭಾಗಗಳಿಗೆ ಕರೆಂಟ್ ಕೊಡುವ ಡಬ್ಬಿ) ಸಾಮಾನ್ಯವಾಗಿ 300 ವಾಟಿನೊಳಗಿನದು, ಅದರಲ್ಲಿ ಆ ಕೇಬಲ್ಲೇ ಇರುವುದಿಲ್ಲ. ಎಸ್‌ಎಂಪಿಎಸ್ ಬದಲಿಸೋಣ ಎಂದರೆ ಈ ಕಂಪನಿಗಳ ಹಲವು ಬೋರ್ಡುಗಳಲ್ಲಿ ಮಾಮೂಲಿ 24 ಪಿನ್ನಿನ ಬದಲು ಅವರದೇ 6 ಅಥವಾ 8 ಪಿನ್ನಿನ ಜೋಡಣೆ. ಸಾಟಾ ಕೇಬಲ್ಲಿನಿಂದ 6 ಪಿನ್ ಮಾಡಿಕೊಡುವ ಅಗ್ಗದ ಕನ್ವರ್ಟರ್ ಬಳಸಲೇಬೇಡಿ. ಸಾಟಾ ಕನೆಕ್ಟರಿನ ತೆಳು ಪಿನ್ನುಗಳು ಹೊರಬಲ್ಲದ್ದು 54 ವಾಟ್, 6 ಪಿನ್ ಕೇಳುವುದು 75. ಪ್ಲಾಸ್ಟಿಕ್ ಕರಗಿ ಸುಟ್ಟ ವಾಸನೆ ಬರುವುದು ಇದರಿಂದಲೇ.

ಹಾಗಾಗಿ ನಮ್ಮ ಮೊದಲ ಆಯ್ಕೆ ಜಿಟಿಎಕ್ಸ್ 1650, ಅದರಲ್ಲೂ ಪವರ್ ಕಿಂಡಿ ಇಲ್ಲದ ಮಾದರಿ. 896 ಕೋರ್, 4 ಜಿಬಿ ಮೆಮೊರಿ. 1080ಪಿಯಲ್ಲಿ ಜಿಟಿಎ 5 ಸೆಕೆಂಡಿಗೆ 60 ಫ್ರೇಮ್ ಆರಾಮಾಗಿ ಓಡುತ್ತದೆ, ವ್ಯಾಲೊರಂಟ್ ನೂರು ದಾಟುತ್ತದೆ. ಚೀಟಿಯ ಮೇಲಿನ ಆ ಜಿಟಿ 730ಕ್ಕೂ 4 ಜಿಬಿ ಇರಬಹುದು, ಆದರೆ ಕೋರ್ ಇರುವುದು ಹೆಚ್ಚೆಂದರೆ 384. ಎಷ್ಟು ಜಿಬಿ ಎನ್ನುವುದು ಕಾರ್ಡಿನ ಶಕ್ತಿಯ ಅಳತೆಯಲ್ಲ. ಜಿಟಿಎಕ್ಸ್ 1050 ಟಿಐ ಇನ್ನೂ ಅಗ್ಗಕ್ಕೆ ಸಿಕ್ಕೀತು, ಆದರೆ ಅದರ ತಲೆಮಾರಿಗೆ ಹೊಸ ಗೇಮ್‌ಗಳ ಡ್ರೈವರ್ (ಕಾರ್ಡ್ ನಡೆಸುವ ತಂತ್ರಾಂಶ) ಕೊಡುವುದನ್ನು ಎನ್‌ವಿಡಿಯಾ 2025ರ ಅಕ್ಟೋಬರಿಗೆ ನಿಲ್ಲಿಸಿದೆ. ಆರ್‌ಎಕ್ಸ್ 6400 ಕೂಡ ಕಿಂಡಿ ಬೇಡದ ಕಾರ್ಡೇ, ಆದರೆ ನಾಲ್ಕೇ ಲೇನ್‌ಗಳಲ್ಲಿ (ಬೋರ್ಡಿಗೂ ಕಾರ್ಡಿಗೂ ನಡುವಿನ ಮಾಹಿತಿಯ ದಾರಿಗಳಲ್ಲಿ) ಕೆಲಸ ಮಾಡುವುದರಿಂದ ಎಂಟನೇ ತಲೆಮಾರಿನ ಬೋರ್ಡಿನಲ್ಲಿ ಸೊರಗುತ್ತದೆ.

ಆರ್‌ಎಕ್ಸ್ 580 ಶಕ್ತಿವಂತ ಕಾರ್ಡ್, ಬೆಲೆಯೂ ಆಸೆ ಹುಟ್ಟಿಸುತ್ತದೆ. ಅದಕ್ಕೆ 185 ವಾಟ್ ಬೇಕು, ಕಚೇರಿ ಟವರಿಗೆ ಬೇಡ. ಮಾಮೂಲಿ ಬೋರ್ಡಿನ ಪಿಸಿ ಈಗಾಗಲೇ ಇರುವವರು 80 ಪ್ಲಸ್ ಗುರುತಿನ ಹೊಸ 500 ವಾಟಿನ ಎಸ್‌ಎಂಪಿಎಸ್ ಜೊತೆ ಯೋಚಿಸಬಹುದು. ಈ ಕಾರ್ಡುಗಳಲ್ಲಿ ಬಹಳಷ್ಟು ಕ್ರಿಪ್ಟೊ ಮೈನಿಂಗ್‌ನಲ್ಲಿ ದುಡಿದು ಬಂದಂಥವು. ‘580’ ಎಂದು ಮಾರುವ 2048ಎಸ್‌ಪಿ ಮಾದರಿ ಕೋರ್ ಲೆಕ್ಕದಲ್ಲಿ 570ಕ್ಕೆ ಸಮ. ನಿಜವಾದ 580ಕ್ಕೆ 2304 ಇರಬೇಕು.

ಕೈಗೆ ತೆಗೆದುಕೊಂಡು ನೋಡಿ

ಕಾರ್ಡನ್ನು ಬೆಳಕಿಗೆ ಹಿಡಿದು ನಿಧಾನವಾಗಿ ತಿರುಗಿಸಿ. ಹಿಂಬದಿಯಲ್ಲಿ ಚಿಪ್ಪಿನ ಸುತ್ತ ನಾಲ್ಕು ಸ್ಕ್ರೂ ಇರುತ್ತವೆ. ತಲೆ ಸವೆದಿದ್ದರೆ ಯಾರೋ ಬಿಚ್ಚಿದ್ದಾರೆ. ಪೇಸ್ಟ್ ಬದಲಿಸಿದ್ದರೆ ಒಳ್ಳೆಯದೇ, ಯಾಕೆ ಬಿಚ್ಚಿದಿರಿ ಎಂದು ಕೇಳಿ. ಮೆಮೊರಿ ಚಿಪ್ಪುಗಳ ಬಳಿ ಎಣ್ಣೆಯಂಥ ಕಲೆ ಇದ್ದರೆ ಥರ್ಮಲ್ ಪ್ಯಾಡ್ ಬಿಸಿಗೆ ಬೆವರಿದೆ ಎಂದರ್ಥ. ಅದು ಬಹಳ ದುಡಿದ ಗುರುತು, ಸತ್ತ ಗುರುತಲ್ಲ. ಆದರೆ ಬೋರ್ಡಿನ ಬಣ್ಣವೇ ಕಂದಿಹೋಗಿದ್ದರೆ, ಚಿಪ್ಪಿನ ಅಂಚಿನಲ್ಲಿ ಹಳದಿ ಅಂಟಿನಂಥ ಫ್ಲಕ್ಸ್ ಒಣಗಿದ್ದರೆ, ಚಿಪ್ಪನ್ನು ಬಿಸಿ ಗಾಳಿಯಲ್ಲಿ ಕಾಯಿಸಿ ರಿಪೇರಿ ಮಾಡಿರುವ ಸಂಭವ ಹೆಚ್ಚು. ಅಂಥದ್ದು ಹದಿನೈದು ದಿನ ಓಡಿ ಮತ್ತೆ ಮಲಗಬಹುದು. ಎಷ್ಟು ಇಳಿಸಿದರೂ ಬೇಡ. ಫ್ಯಾನನ್ನು ಬೆರಳಿನಿಂದ ಮೆಲ್ಲಗೆ ತಳ್ಳಿ: ಸದ್ದಿಲ್ಲದೆ ತಿರುಗಿ ತಾನಾಗಿ ನಿಲ್ಲಬೇಕು, ಅಲುಗಾಡಬಾರದು.

ಆಮೇಲೆ ಓಡಿಸಿ. ಕಾರ್ಡಿನ ವಿವರ ತೋರಿಸುವ ಜಿಪಿಯು-ಝಡ್ ಮತ್ತು ಅದನ್ನು ದುಡಿಸಿ ಪರೀಕ್ಷಿಸುವ ಫರ್‌ಮಾರ್ಕ್ ತುಂಬಿದ ಪೆನ್‌ಡ್ರೈವ್ ನೀವೇ ಒಯ್ಯಿರಿ. ಹಳೇ ಚಿಪ್ಪಿಗೆ 1050 ಟಿಐ ಎಂಬ ಹೆಸರು ಬರೆದು ಮಾರುವ ನಕಲಿ ಕಾರ್ಡುಗಳಿವೆ. ಜಿಪಿಯು-ಝಡ್ ಅಂಥವನ್ನು ಗುರುತಿಸಿ ನಕಲಿ ಎಂದೇ ತೋರಿಸುತ್ತದೆ. 1050 ಟಿಐ, 1650 ಎಂದು ಕೊಟ್ಟ ಕಾರ್ಡಿನ ಹಿಂದೆ ನೀಲಿ ಬಣ್ಣದ ವಿಜಿಎ ಕಿಂಡಿ ಕಂಡರೆ ಆಗಲೇ ಅನುಮಾನಿಸಿ. ಫರ್‌ಮಾರ್ಕ್ 15 ನಿಮಿಷ ಓಡಲಿ. ಬಿಸಿ 80 ಡಿಗ್ರಿಯೊಳಗೆ ನಿಂತರೆ ಸರಿ. 85 ದಾಟಿದರೆ ಪೇಸ್ಟ್ ಒಣಗಿದೆ ಅಥವಾ ಫ್ಯಾನ್ ಸೋತಿದೆ, ಬೆಲೆ ಇಳಿಸಲು ಅದೊಂದು ಕಾರಣ. ಪರದೆಯ ಮೇಲೆ ಬಣ್ಣದ ಚುಕ್ಕೆ, ಗೆರೆ ಮೂಡಿದರೆ ಮಾತ್ರ ಚೌಕಾಸಿಯೂ ಬೇಡ, ಎದ್ದು ಬನ್ನಿ, ಮೆಮೊರಿ ಕೆಟ್ಟಿರಬಹುದು. ‘ಕರೆಂಟಿಲ್ಲ, ನಾಳೆ ತೋರಿಸ್ತೀನಿ’ ಎಂದರೆ ನಾಳೆಯೇ ದುಡ್ಡು ಕೊಡಿ.

ಹಳೇ ಮಾಲಿಗೆ ಅಂಗಡಿಯವರು ಕೊಡುವುದು ಚೆಕಿಂಗ್ ವಾರಂಟಿ, ಏಳು ದಿನವೋ ಹದಿನೈದು ದಿನವೋ. ಬಾಯಿಮಾತಿಗೆ ಬಿಡದೆ ಬಿಲ್ ಮೇಲೆ ಕಾರ್ಡಿನ ಸೀರಿಯಲ್ ನಂಬರ್ ಸಮೇತ ಬರೆಸಿಕೊಳ್ಳಿ. ಬಸ್ಸಿನಲ್ಲಿ ತರುವಾಗ ಕಾರ್ಡ್ ಟವರಿನೊಳಗೆ ಇರಬಾರದು; ಕುಲುಕಾಟಕ್ಕೆ ಸ್ಲಾಟ್ ಸೀಳಬಹುದು. ಕಾರ್ಡನ್ನು ಬೇರೆ ಸುತ್ತಿ ಮಡಿಲಲ್ಲಿಟ್ಟುಕೊಳ್ಳಿ.

ಮನೆಯಲ್ಲಿ ಜೋಡಿಸುವಾಗ

ಮೊದಲು ಧೂಳು ತೆಗೆಯಿರಿ. ಅಕ್ಕಿ ಗಿರಣಿ, ಮಂಡಕ್ಕಿ ಭಟ್ಟಿಗಳ ಊರಿದು, ಆ ಬಡಾವಣೆಗಳ ಸುತ್ತಮುತ್ತ ಇರುವ ಯಂತ್ರದ ಹೀಟ್‌ಸಿಂಕ್ ಬೇಗ ಕಟ್ಟಿಕೊಳ್ಳುತ್ತದೆ. ಬ್ಲೋವರ್ ಹಿಡಿಯುವಾಗ ಫ್ಯಾನಿನ ಎಸಳನ್ನು ಬೆರಳಿನಿಂದ ಒತ್ತಿಹಿಡಿಯಿರಿ, ಅಡ್ಡಾದಿಡ್ಡಿ ತಿರುಗಿದರೆ ಬೇರಿಂಗ್ ಹಾಳು. ಪ್ರೊಸೆಸರ್ ಮೇಲಿನ ಕೂಲರ್ ಬಿಚ್ಚಿ ಒಣಗಿದ ಪೇಸ್ಟನ್ನು ಮೊಬೈಲ್ ರಿಪೇರಿ ಅಂಗಡಿಯಲ್ಲಿ ಸಿಗುವ ಐಪಿಎ (ಐಸೊಪ್ರೊಪೈಲ್ ಆಲ್ಕೊಹಾಲ್) ದ್ರವದಿಂದ ಒರೆಸಿ, ಹೊಸ ಪೇಸ್ಟನ್ನು ಬಟಾಣಿ ಕಾಳಿನಷ್ಟು ನಡುವೆ ಇಟ್ಟು ಕೂಲರ್ ಕೂರಿಸಿ. ಬೆರಳಿನಿಂದ ಸವರುವುದು ಬೇಡ. ಸ್ಕ್ರೂಗಳನ್ನು ಮೂಲೆಯಿಂದ ಎದುರು ಮೂಲೆಗೆ, ಸ್ವಲ್ಪಸ್ವಲ್ಪವೇ ಬಿಗಿಮಾಡಿ.

ರ‍್ಯಾಮ್ 16 ಜಿಬಿಯ ಒಂದೇ ಕಡ್ಡಿಗಿಂತ 8 ಜಿಬಿಯ ಎರಡು ಮೇಲು. ಎರಡು ಚಾನೆಲ್ ಒಟ್ಟಿಗೆ ನಡೆದು ಗೇಮ್ ಮುಗ್ಗರಿಸುವುದು ತಗ್ಗುತ್ತದೆ. ಎಸ್‌ಎಸ್‌ಡಿ ಹೊಸದೇ ಇರಲಿ, 500 ಜಿಬಿಗೆ ಕಡಿಮೆ ಬೇಡ. ಜಿಟಿಎ 5 ಒಂದೇ ನೂರು ಜಿಬಿ ಆಸುಪಾಸು ನುಂಗುತ್ತದೆ. ಟವರ್ ಜೊತೆ ಬಂದ ಹಳೇ ಹಾರ್ಡ್‌ಡಿಸ್ಕನ್ನು ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೊದಲ್ಲಿ ನೋಡಿ. ಹಳದಿ ಬಣ್ಣದ ಎಚ್ಚರಿಕೆ ಬಂದರೆ ಅದರಲ್ಲಿ ಮನೆಯ ಫೋಟೊ ಇಡಬೇಡಿ.

ಕಾರ್ಡ್ ಹಾಕಿದ ಮೇಲೂ ಗೇಮ್ ತೆವಳುತ್ತಿದ್ದರೆ ಹಿಂಬದಿ ನೋಡಿ. ಮಾನಿಟರ್ ಕೇಬಲ್ ಬೋರ್ಡಿನ ಕಿಂಡಿಗೇ ಸಿಕ್ಕಿಸಿರುವುದು ಅತಿ ಸಾಮಾನ್ಯ ತಪ್ಪು. ಅದು ಕೆಳಗಿರುವ ಕಾರ್ಡಿನ ಕಿಂಡಿಗೆ ಹೋಗಬೇಕು. ಪರದೆಯೇ ಬರದಿದ್ದರೆ ಕಾರ್ಡ್ ತೆಗೆದು ಸ್ಲಾಟಿನ ಕೊಕ್ಕೆ ‘ಟಕ್’ ಎನ್ನುವ ತನಕ ಮತ್ತೆ ಒತ್ತಿ. ರ‍್ಯಾಮ್‌ನ ಬಂಗಾರದ ಬಣ್ಣದ ಅಂಚನ್ನು ಐಪಿಎ ಹಚ್ಚಿದ ಬಟ್ಟೆಯಿಂದ ಒರೆಸಿ ಒಂದೊಂದೇ ಕಡ್ಡಿ ಹಾಕಿ ನೋಡಿ. ದಿನಾಂಕ, ಸಮಯ ಪದೇಪದೇ ಹಿಂದಕ್ಕೆ ಹೋಗುತ್ತಿದ್ದರೆ ಸಿಆರ್2032 ನಾಣ್ಯದ ಬ್ಯಾಟರಿ ಬದಲಿಸಿದರೆ ಆಯಿತು.

ಕ್ಯಾಬಿನೆಟ್ ಮುಟ್ಟಿದಾಗ ಕೈ ಜುಮ್ ಎಂದರೆ ಅದನ್ನು ಮಾತ್ರ ಉದಾಸೀನ ಮಾಡಬೇಡಿ. ಎಸ್‌ಎಂಪಿಎಸ್‌ನ ಫಿಲ್ಟರಿನಿಂದ ಸೋರುವ ಅಲ್ಪ ಕರೆಂಟ್ ಮೂರನೇ ಪಿನ್ನಿನ ಮೂಲಕ ನೆಲಕ್ಕೆ ಹೋಗಬೇಕು. ಆ ಪಿನ್ನಿಗೆ ಅರ್ಥಿಂಗ್ ಇಲ್ಲದಿದ್ದಾಗ ಅದು ಡಬ್ಬಿಯಲ್ಲೇ ನಿಲ್ಲುತ್ತದೆ. ಹಳೇ ಮನೆ, ಬಾಡಿಗೆ ರೂಮುಗಳಲ್ಲಿ ಮೂರು ತೂತಿನ ಸಾಕೆಟ್ ಇದ್ದರೂ ಹಿಂದೆ ವೈರು ಎರಡೇ ಇರುವುದುಂಟು. ಎಲೆಕ್ಟ್ರಿಷಿಯನ್ ಕರೆಸಿ ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಮೀಟರ್ ಹಿಡಿಸಿ. ಕೆಲವೇ ವೋಲ್ಟ್ ತೋರಿಸಬೇಕು. ಕರೆಂಟ್ ಹೋದಾಗ ಕಾಪಾಡಲು 600 ವಿಎ ಯುಪಿಎಸ್ ಸಾಕು. ಈ ಯಂತ್ರ ಗೇಮ್ ಓಡುವಾಗಲೂ ಎಳೆಯುವುದು ಮಾನಿಟರ್ ಬಿಟ್ಟು 200 ವಾಟಿನ ಆಸುಪಾಸು.

ಚೆಕಿಂಗ್ ವಾರಂಟಿಯ ದಿನಗಳಲ್ಲಿ ಯಂತ್ರವನ್ನು ಸುಮ್ಮನೆ ಇಡಬೇಡಿ. ಒಂದು ರಾತ್ರಿ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಓಡಿಸಿ. ಕೆಂಪು ಸಾಲು ಒಂದೇ ಬಂದರೂ ಆ ರ‍್ಯಾಮ್ ವಾಪಸ್ ಹೋಗಬೇಕು. ಮರುದಿನ ಮಧ್ಯಾಹ್ನದ ಸೆಕೆಯಲ್ಲಿ ಎರಡು ತಾಸು ಭಾರದ ಗೇಮ್ ಆಡಿ. ಬಿಸಿಗೆ ಸೋಲುವ ಭಾಗ ಬೆಳಗಿನ ತಂಪಿನಲ್ಲಿ ಸುಳಿವು ಕೊಡುವುದಿಲ್ಲ; ಸೋಲುವುದಾದರೆ ಬಿಲ್ ಮೇಲಿನ ದಿನಗಳು ಮುಗಿಯುವ ಮೊದಲೇ ಸೋಲಲಿ.