ಲ್ಯಾಬ್ ಬೀಗ ತೆಗೆಸದೆ ಕಾರ್ಪಸ್ ಪಾಠ: ನನ್ನ ಅನುಭವ

ನಮ್ಮ ಹತ್ತನೇ ತರಗತಿ ಮಕ್ಕಳ ಬರವಣಿಗೆಯಲ್ಲಿ ‘ಹೀ ಟೋಲ್ಡ್ ಟು ಮಿ’ ಅನ್ನುವ ತಪ್ಪು (ಅಲ್ಲಿ ‘ಟು’ ಬೇಡ) ಈಗ ಅಪರೂಪ. ‘ರೀಚ್ಡ್ ಟು ಹಾವೇರಿ’ ಅದಕ್ಕಿಂತ ಅಪರೂಪ. ಕನ್ನಡ ಮಾಧ್ಯಮದ ಸರ್ಕಾರಿ ಹೈಸ್ಕೂಲಿನಲ್ಲಿ ಇಂಗ್ಲಿಷ್ ಹೇಳಿಕೊಡುವವರಿಗೆ ಇದೆಷ್ಟು ದೊಡ್ಡ ಮಾತು ಅಂತ ಬಿಡಿಸಿ ಹೇಳಬೇಕಿಲ್ಲ. ಇದಕ್ಕಾಗಿ ಬೋರ್ಡ್ ಮೇಲೆ ಒಂದು ರೂಲ್ ಕೂಡ ಬರೆಯಲಿಲ್ಲ. ಕಂಪ್ಯೂಟರ್ ಲ್ಯಾಬ್ ಬೀಗ ತೆಗೆಸಲಿಲ್ಲ. ಹಳೇ ಲ್ಯಾಪ್‌ಟಾಪ್, ಪೆನ್‌ಡ್ರೈವ್‌ನಲ್ಲಿ ಆಂಟ್‌ಕಾಂಕ್ (ಒಂದು ಪದ ಬರುವ ಸಾಲುಗಳನ್ನೆಲ್ಲ ಹೆಕ್ಕಿ ಕೊಡುವ ತಂತ್ರಾಂಶ), ವಾರಕ್ಕೊಂದು ಅರ್ಧ ಹಾಳೆ ಜೆರಾಕ್ಸ್. ಅಷ್ಟೇ. ಕಾರ್ಪಸ್ ಅಂದರೆ ಕಂಪ್ಯೂಟರಿನಲ್ಲಿ ಹುಡುಕಲು ಬರುವಂತೆ ಒಟ್ಟು ಹಾಕಿದ ನಿಜವಾದ ಬರಹ, ಮಾತುಗಳ ರಾಶಿ; ಅದರ ಸಾಲುಗಳನ್ನೇ ಮಕ್ಕಳ ಮುಂದಿಟ್ಟೆ.

ಮೊದಲು ಹೇಳಿದಾಗ ಯಾರೂ ಒಪ್ಪಲಿಲ್ಲ ಅನ್ನಿ. ತಾಲೂಕಿನ ಇಂಗ್ಲಿಷ್ ಶಿಕ್ಷಕರ ಸಭೆಯಲ್ಲಿ ಹಿರಿಯರೊಬ್ಬರು, ‘ಕಾರ್ಪಸ್ ಗೀರ್ಪಸ್ ಎಲ್ಲ ಪಿಎಚ್‌ಡಿ ಮಾಡೋರಿಗೆ ಬಿಡ್ರಿ ಸರ್ರ, ನೀವು ಪಾಸಿಂಗ್ ಪ್ಯಾಕೇಜ್ ಮಾಡಸ್ರಿ’ ಅಂದರು (ಪಾಸಾಗುವಷ್ಟು ಮಾತ್ರ ಓದಿಸೋದು). ಎಲ್ಲರೂ ನಕ್ಕರು. ನಮ್ಮ ಎಚ್‌ಎಂ ಮಾತ್ರ ನಗಲಿಲ್ಲ. ‘ರಿಸಲ್ಟ್ ಕಡಿಮೆ ಆಗದಿದ್ದರೆ ಏನಾದರೂ ಮಾಡಿಕೊಳ್ಳಿ ಸರ್’ ಅಂತ ಬಿಟ್ಟುಬಿಟ್ಟರು. ನನಗೆ ಅಷ್ಟು ಸಾಕಿತ್ತು.

ಮೊದಲು ಹೋದ ದುಡ್ಡಿನ ಲೆಕ್ಕ ಹೇಳಿಬಿಡ್ತೀನಿ. ಒಂದು ಇಂಗ್ಲಿಷ್ ಕಲಿಕೆ ಆ್ಯಪ್‌ಗೆ ವರ್ಷದ ಚಂದಾ ಅಂತ ಜೇಬಿನಿಂದ ನಾಲ್ಕು ಸಾವಿರದ ಹತ್ತಿರ ಕಟ್ಟಿದೆ. ಪ್ರತಿ ಮಗುವಿಗೂ ಬೇರೆ ಲಾಗಿನ್ ಬೇಕು, ಓಟಿಪಿ ಬೇಕು. ಓಟಿಪಿ ಬರುವ ಫೋನು ಅಪ್ಪನ ಜೇಬಿನಲ್ಲಿ, ಅಪ್ಪ ಗೋವಿನಜೋಳದ ಹೊಲದಲ್ಲಿ. ಒಂದು ತಿಂಗಳಿಗೆ ಅದು ಮುಗಿಯಿತು. ಆಮೇಲೆ ಯೂಗ್ಲಿಷ್ ಹಿಡಿದೆ. ಯಾವ ಪದ ಹಾಕಿದರೂ ಯೂಟ್ಯೂಬ್ ವಿಡಿಯೋಗಳಲ್ಲಿ ಅದನ್ನು ಜನ ಹೇಗೆ ಉಚ್ಚರಿಸಿದ್ದಾರೆ ಅಂತ ಸೀದಾ ಆ ಜಾಗಕ್ಕೇ ಹೋಗಿ ಕೇಳಿಸುತ್ತದೆ. ಒಳ್ಳೇದೇ, ನಾನು ಮನೆಯಲ್ಲಿ ಈಗಲೂ ಬಳಸ್ತೀನಿ. ಆದರೆ ಕ್ಲಾಸಿನಲ್ಲಿ ನನ್ನ ಫೋನಿನ ಹಾಟ್‌ಸ್ಪಾಟ್, ದಿನಕ್ಕೆ ಒಂದೂವರೆ ಜಿಬಿ, ನಲವತ್ತಕ್ಕೂ ಜಾಸ್ತಿ ಮಕ್ಕಳು. ಹಿಂದಿನ ಬೆಂಚಿಗೆ ಕೇಳಲಿ ಅಂತ ಸಾವಿರದ ಎಂಟುನೂರೋ ಎಷ್ಟೋ ಕೊಟ್ಟು ಸ್ಪೀಕರ್ ತಂದೆ. ಕರೆಂಟ್ ಹೋದರೆ ಪ್ರೊಜೆಕ್ಟರ್ ಸತ್ತಿತು, ಯುಪಿಎಸ್ ಬ್ಯಾಟರಿ ಯಾವತ್ತೋ ಸತ್ತಿತ್ತು. ಆ ಸ್ಪೀಕರ್ ಈಗ ಪ್ರತಿಭಾ ಕಾರಂಜಿಗೆ ಕೆಲಸಕ್ಕೆ ಬರುತ್ತದೆ.

ಮೂರನೆಯದು ಕೋಕಾ ಅನ್ನುವ ಆನ್‌ಲೈನ್ ಕಾರ್ಪಸ್. 1990ರಿಂದ 2019ರವರೆಗಿನ ಅಮೆರಿಕನ್ ಇಂಗ್ಲಿಷ್, ನೂರು ಕೋಟಿ ಪದ. ಉಚಿತ ಖಾತೆಗೆ ದಿನಕ್ಕೆ ಇಂತಿಷ್ಟೇ ಹುಡುಕಾಟ ಅಂತ ಮಿತಿ ಇದೆ, ಅದು ತೊಂದರೆಯಲ್ಲ. ತೊಂದರೆ ಸಾಲುಗಳಲ್ಲಿತ್ತು. ‘ಟೋಲ್ಡ್’ ಹಾಕಿದರೆ ಸೆನೆಟರು, ಎಫ್‌ಬಿಐ, ಬೇಸ್‌ಬಾಲ್ ಬರುತ್ತವೆ. ನಮ್ಮ ಮಕ್ಕಳು ‘ಟೋಲ್ಡ್’ ಮುಂದೆ ಏನಿದೆ ನೋಡೋದು ಬಿಟ್ಟು ‘ಸರ್, ಸಬ್‌ಕಮಿಟಿ ಅಂದ್ರೆ?’ ಅಂತ ಕೇಳ್ತಾ ಕೂತರು. ಸ್ಕೆಲ್ ಅನ್ನುವ ಉದಾಹರಣೆ ವಾಕ್ಯಗಳ ತಾಣ ಇದಕ್ಕಿಂತ ವಾಸಿ. ಒಂದು ಪದಕ್ಕೆ ನಲವತ್ತು ವಾಕ್ಯ ಕೊಡುತ್ತದೆ, ಲಾಗಿನ್ ಬೇಡ, ಪೂರ್ತಿ ವಾಕ್ಯಗಳೇ ಇರುತ್ತವೆ. ಅದನ್ನು ಪ್ರಿಂಟ್ ತೆಗೆದು ಕೊಟ್ಟೆ. ನಲವತ್ತು ಸಾಲು ಒಟ್ಟಿಗೆ ಕಂಡ ಕೂಡಲೇ ಅರ್ಧ ಕ್ಲಾಸು ಹಾಳೆ ಮಡಚಿ ವಿಮಾನ ಮಾಡಿತು.

ಅಷ್ಟು ಹೊತ್ತಿಗೆ ನನಗೂ ಸಾಕಾಗಿತ್ತು. ಆ ಬೇಸಿಗೆ ರಜೆಯಲ್ಲಿ ಗೂಗಲ್ ಸ್ಕಾಲರ್‌ನಲ್ಲಿ ಕೂತೆ. ಸಾಲುಗಳನ್ನು ನೋಡಿ ಮಕ್ಕಳೇ ರೂಲ್ ಕಂಡುಕೊಳ್ಳುವ ಈ ಪದ್ಧತಿಗೆ ಡೇಟಾ ಡ್ರಿವನ್ ಲರ್ನಿಂಗ್ ಅಂತ ಹೆಸರಿಟ್ಟ ಟಿಮ್ ಜಾನ್ಸ್ ಬರ್ಮಿಂಗ್‌ಹ್ಯಾಮ್ ಯೂನಿವರ್ಸಿಟಿಯವರು. ಅವರ ವಿದ್ಯಾರ್ಥಿಗಳೂ ಯೂನಿವರ್ಸಿಟಿಯವರೇ. ಸಭೆಯ ಹಿರಿಯರು ಹೇಳಿದ್ದು ಸರಿಯೇನೋ ಅನ್ನಿಸತೊಡಗಿತ್ತು. ಆಗ ಸಿಕ್ಕಿದ್ದು ಫ್ರಾನ್ಸಿನ ಅಲೆಕ್ಸ್ ಬೋಲ್ಟನ್ ಅವರ 2010ರ ಪೇಪರ್. ಅವರು ಕಂಪ್ಯೂಟರನ್ನೇ ಪಕ್ಕಕ್ಕಿಟ್ಟು, ಪ್ರಿಂಟ್ ಮಾಡಿದ ಸಾಲುಗಳನ್ನು ಕಡಿಮೆ ಮಟ್ಟದ ವಿದ್ಯಾರ್ಥಿಗಳಿಗೆ ಕೊಟ್ಟು ನೋಡಿದ್ದರು. ಕೆಲಸ ಮಾಡಿತ್ತು. ಅವರೇ ಟಾಮ್ ಕಾಬ್ ಜೊತೆ 2017ರಲ್ಲಿ ಅರವತ್ತನಾಲ್ಕು ಅಧ್ಯಯನಗಳನ್ನು ಒಟ್ಟು ಹಾಕಿ ಲೆಕ್ಕ ತೆಗೆದಿದ್ದಾರೆ. ಪರಿಣಾಮ ದೊಡ್ಡದೇ ಇದೆ. ಪೇಪರಿಗೆ ಮೂವತ್ತು ನಲವತ್ತು ಡಾಲರ್ ಕೇಳುವ ಪುಟ ಬಂದರೆ ಹೆದರಬೇಡಿ. ಸ್ಕಾಲರ್‌ನಲ್ಲಿ ಬಲಗಡೆ ಪಿಡಿಎಫ್ ಕೊಂಡಿ ಇದೆಯಾ ನೋಡಿ, ಇಲ್ಲದಿದ್ದರೆ ‘ಆಲ್ ವರ್ಶನ್ಸ್’ ಒತ್ತಿ. ಫ್ರಾನ್ಸಿನವರು ಬರೆದಿದ್ದಾದರೆ ಹಾಲ್ ಅನ್ನುವ ಅವರ ಭಂಡಾರದಲ್ಲಿ ಬಿಟ್ಟಿ ಸಿಗುವ ಸಂಭವ ಜಾಸ್ತಿ. ಎರಿಕ್ ಅನ್ನುವ ಶಿಕ್ಷಣ ಸಂಶೋಧನೆಯ ಭಂಡಾರದಲ್ಲಿ ‘ಫುಲ್ ಟೆಕ್ಸ್ಟ್’ ಅಂತ ಟಿಕ್ ಹಾಕಿ ಹುಡುಕಿ. ನಾನು ಇದುವರೆಗೆ ಪೇಪರ್‌ಗೆ ಒಂದು ಪೈಸೆ ಕೊಟ್ಟಿಲ್ಲ.

ಇನ್ನು ಉಳಿದಿದ್ದು ನಮ್ಮ ಮಕ್ಕಳಿಗೆ ಅರ್ಥವಾಗುವ ಸಾಲುಗಳು. ಅದಕ್ಕೆ ನನ್ನದೇ ಕಾರ್ಪಸ್ ಮಾಡಿಕೊಂಡೆ. ಎಂಟರಿಂದ ಹತ್ತನೇ ತರಗತಿಯ ಪಠ್ಯ, ಸ್ಟೋರಿವೀವರ್‌ನ ಮೂರು ಮತ್ತು ನಾಲ್ಕನೇ ಹಂತದ ಕಥೆಗಳು, ವಿಒಎ (ವಾಯ್ಸ್ ಆಫ್ ಅಮೆರಿಕ ರೇಡಿಯೋ) ಲರ್ನಿಂಗ್ ಇಂಗ್ಲಿಷ್‌ನ ಹಳೇ ಬರಹಗಳು. ಸ್ಟೋರಿವೀವರ್ ಪ್ರಥಮ್ ಬುಕ್ಸ್‌ನವರ ಮಕ್ಕಳ ಕಥೆಗಳ ತಾಣ, ಮುಕ್ತ ಲೈಸೆನ್ಸ್, ಧೈರ್ಯವಾಗಿ ಪ್ರಿಂಟ್ ಹಾಕಬಹುದು. ವಿಒಎ 1959ರಿಂದಲೇ ಸುಮಾರು ಸಾವಿರದ ಐನೂರು ಪದಗಳ ಮಿತಿಯಲ್ಲಿ ಬರೆದು ನಿಧಾನಕ್ಕೆ ಓದುತ್ತಾ ಬಂದಿತ್ತು. ನಮ್ಮ ಮಕ್ಕಳಿಗೆ ಹೇಳಿ ಮಾಡಿಸಿದ ಹಾಗಿದೆ. ಎಲ್ಲ ಸೇರಿ ಎರಡು ಲಕ್ಷ ಪದ ದಾಟಿರಬಹುದು. ಪಿಡಿಎಫ್‌ನಿಂದ ತೆಗೆದ ಪಠ್ಯದಲ್ಲಿ ಸಾಲಿನ ಕೊನೆಗೆ ತುಂಡಾದ ಪದಗಳು, ಪುಟದ ತಲೆಬರಹ ಎಲ್ಲ ನುಗ್ಗಿರುತ್ತವೆ. ಅವನ್ನು ತೆಗೆಯೋದರಲ್ಲಿ ನನ್ನ ದಸರಾ ರಜೆ ಪೂರ್ತಿ ಹೋಯಿತು. ಮನೆಯವರ ಬೈಗುಳವನ್ನೂ ಖರ್ಚಿಗೇ ಸೇರಿಸಿಕೊಳ್ಳಿ. ಫೈಲುಗಳನ್ನು ಸೇವ್ ಮಾಡುವಾಗ ಎನ್‌ಕೋಡಿಂಗ್ (ಅಕ್ಷರ ಉಳಿಸುವ ಕ್ರಮ) ಯುಟಿಎಫ್-8 ಇರಲಿ, ಇಲ್ಲದಿದ್ದರೆ ಅಪಾಸ್ಟ್ರಫಿ ಜಾಗದಲ್ಲಿ ಏನೇನೋ ಬರುತ್ತದೆ.

ಆಂಟ್‌ಕಾಂಕ್ ಗೊತ್ತಲ್ಲ, ಟೋಕಿಯೋದ ವಾಸೆಡಾ ಯೂನಿವರ್ಸಿಟಿಯ ಲಾರೆನ್ಸ್ ಆಂಟನಿ ಮಾಡಿ ಬಿಟ್ಟಿ ಕೊಟ್ಟಿರೋದು. ಹಳೇ ಮಶೀನಿದ್ದರೆ 3ರಿಂದ ಶುರುವಾಗುವ ನಂಬರಿನ ಹಳೇ ಆವೃತ್ತಿಯನ್ನೇ ಹಾಕಿಕೊಳ್ಳಿ. ಇನ್‌ಸ್ಟಾಲ್ ಬೇಡ, ಪೆನ್‌ಡ್ರೈವ್‌ನಿಂದಲೇ ಓಡುತ್ತದೆ, ನೆಟ್ಟೂ ಬೇಡ.

ಇಷ್ಟಾದ ಮೇಲೆ ಇನ್ನೊಂದು ಕೆಲಸ ಮಾಡಿದೆ. ಇದನ್ನು ನಮ್ಮ ಕಡೆ ಬೇರೆ ಯಾರೂ ಮಾಡಿದ್ದು ನಾನು ಕಾಣೆ. ಮಕ್ಕಳ ನೋಟ್‌ಬುಕ್ಕಿನ ವಾಕ್ಯಗಳನ್ನು ತಪ್ಪು ಸಮೇತ ಟೈಪ್ ಮಾಡಿದೆ. ಫೋನಿನಲ್ಲಿ ಓದಿ ವಾಯ್ಸ್ ಟೈಪಿಂಗ್ ಮಾಡಲು ಹೋದರೆ ಅದು ತಪ್ಪನ್ನೆಲ್ಲ ತಾನೇ ತಿದ್ದಿ ಹಾಕುತ್ತದೆ! ಕೊನೆಗೆ ನೋಟ್‌ಪ್ಯಾಡ್ ತೆಗೆದು ಕೈಯಲ್ಲೇ ಕುಟ್ಟಿದೆ. ಹತ್ತು ಹನ್ನೆರಡು ಸಾವಿರ ಪದ ಆಯಿತು. ಆಂಟ್‌ಕಾಂಕ್‌ಗೆ ಹಾಕಿ ‘ಟೋಲ್ಡ್’ ಹುಡುಕಿದರೆ ಮೂರರಲ್ಲಿ ಎರಡು ಕಡೆ ಅದರ ಬೆನ್ನಿಗೇ ‘ಟು’. ‘ರೀಚ್ಡ್’ ಇನ್ನೂ ಕೆಟ್ಟದು. ಆದರೆ ನಾನು ವರ್ಷವಿಡೀ ತಲೆ ಚಚ್ಚಿಕೊಳ್ಳುತ್ತಿದ್ದ ‘ಡಿಡ್ ನಾಟ್ ವೆಂಟ್’ ಬೆರಳೆಣಿಕೆಯಷ್ಟೇ ಇತ್ತು. ಎಲ್ಲಿಗೆ ಔಷಧಿ ಹಾಕಬೇಕು ಅನ್ನೋದು ಅವತ್ತು ಗೊತ್ತಾಯಿತು.

ಈಗ ಹಾಳೆ ಹೇಗಿರುತ್ತದೆ ಹೇಳ್ತೀನಿ. ಎಂಟೊಂಬತ್ತು ಸಾಲು, ಅದಕ್ಕಿಂತ ಜಾಸ್ತಿ ಬೇಡ. ಹುಡುಕಿದ ಪದ ನಡುವೆ ಒಂದರ ಕೆಳಗೊಂದು ಬರಬೇಕು, ಹಾಗಾಗಿ ಅಕ್ಷರ ಕೊರಿಯರ್ ನ್ಯೂ ಫಾಂಟಿನಲ್ಲೇ ಇರಲಿ, ಅದರಲ್ಲಿ ಎಲ್ಲ ಅಕ್ಷರಕ್ಕೂ ಒಂದೇ ಅಗಲ. ಬಲಗಡೆಯ ಪದದ ಪ್ರಕಾರ ಸಾರ್ಟ್ ಮಾಡಿ ಸಾಲು ಆರಿಸಿಕೊಳ್ಳಿ. ಒಂದು ಹಾಳೆಯಲ್ಲಿ ಯಾವಾಗಲೂ ಎರಡು ಪದ. ಮೇಲೆ ‘ವೆಂಟ್’, ಕೆಳಗೆ ‘ರೀಚ್ಡ್’. ಮಕ್ಕಳು ಇಬ್ಬಿಬ್ಬರು ಕೂತು, ಮುಂದಿನ ಪದಕ್ಕೆ ಗೆರೆ ಎಳೆಯಬೇಕು. ನಾನು ಬಾಯಿ ಬಿಡುವಂತಿಲ್ಲ, ಇದೇ ಬಹಳ ಕಷ್ಟದ ಕೆಲಸ.

ಆ ‘ವೆಂಟ್-ರೀಚ್ಡ್’ ಹಾಳೆ ಕೊಟ್ಟ ದಿನ ಐದು ನಿಮಿಷಕ್ಕೆ ಕ್ಲಾಸು ಹೇಳಿತು: ಮೇಲೆ ಎಲ್ಲ ಕಡೆ ‘ಟು’ ಇದೆ, ಕೆಳಗೆ ಎಲ್ಲೂ ಇಲ್ಲ. ‘ವೆಂಟ್ ಟು ದ ಮಾರ್ಕೆಟ್’, ‘ರೀಚ್ಡ್ ದ ಮಾರ್ಕೆಟ್’. ನಾನು ಡಸ್ಟರ್ ಎತ್ತಿಕೊಳ್ಳುವಷ್ಟರಲ್ಲಿ ಕಿಟಕಿ ಪಕ್ಕದ ಹುಡುಗಿಯೊಬ್ಬಳು ಎದ್ದಳು. ‘ಸರ್, ಎಲ್ಲಾ ಕಡೆ ಇಲ್ರಿ. ನಾಕನೇ ಸಾಲು ನೋಡ್ರಿ, ವೆಂಟ್ ಹೋಮ್ ಅಂತ ಐತಿ. ಟು ಇಲ್ಲ.’ ಆ ಸಾಲು ಅಲ್ಲಿ ಸೇರಿಕೊಂಡಿದ್ದನ್ನು ನಾನು ನೋಡಿಯೇ ಇರಲಿಲ್ಲ. ‘ಗೋ ಟು ಹೋಮ್’ ಬರೀಬೇಡಿ ಅಂತ ನಾನು ಎಷ್ಟು ವರ್ಷದಿಂದ ಹೇಳ್ತಿದ್ದೆನೋ! ಮುಂದಿನ ವಾರದ ಹಾಳೆ ಅವಳಿಗಾಗಿಯೇ ಮಾಡಿದ್ದು: ‘ಹೋಮ್’, ‘ಹಿಯರ್’, ‘ದೇರ್’.

‘ಟೋಲ್ಡ್’ ಹಾಳೆಯಲ್ಲಿ ಒಂದು ಗುಂಡಿ ಇದೆ, ಎಚ್ಚರ. ‘ದ ಡಾಕ್ಟರ್ ಟೋಲ್ಡ್ ಹಿಮ್ ಟು ರೆಸ್ಟ್’ ಥರದ ಸಾಲು ಬಂದರೆ ಮಕ್ಕಳು ‘ಟು ಇದೆಯಲ್ಲ ಸರ್’ ಅಂತಾರೆ. ಅಂಥ ಸಾಲನ್ನು ಎರಡನೇ ವಾರಕ್ಕೆ ಇಟ್ಟುಕೊಳ್ಳಿ. ಮೊದಲ ವಾರ ‘ಟೋಲ್ಡ್ ಹರ್’, ‘ಟೋಲ್ಡ್ ದೆಮ್’ ಮೇಲೆ, ‘ಸೆಡ್ ಟು ಹರ್’ ಕೆಳಗೆ. ಇನ್ನು ಎಂಟು ಸಾಲುಗಳನ್ನು ಯಾವ ಕ್ರಮದಲ್ಲಿ ಇಡಬೇಕು, ಎಷ್ಟನೇ ಸಾಲಿನಲ್ಲಿ ಪದ ಖಾಲಿ ಬಿಡಬೇಕು ಅನ್ನೋದಕ್ಕೆ ನನ್ನದೊಂದು ಲೆಕ್ಕ ಇದೆ. ಅದನ್ನು ಇಲ್ಲಿ ಬರೆಯಲ್ಲ. ನಾಲ್ಕಾರು ಹಾಳೆ ಮಾಡಿದರೆ ನಿಮಗೇ ಸಿಗುತ್ತದೆ.

ನಡುವೆ ಬೇರೆ ಪ್ರಯೋಗಗಳೂ ಆದವು. ಕಾರ್ಪಸ್ ದೊಡ್ಡದಾಗಲಿ ಅಂತ ಗುಟೆನ್‌ಬರ್ಗ್ ಅನ್ನುವ ಬಿಟ್ಟಿ ಪುಸ್ತಕಗಳ ತಾಣದಿಂದ ಹಳೇ ಇಂಗ್ಲಿಷ್ ಕಥೆಗಳನ್ನು ತುಂಬಿದೆ. ಒಬ್ಬ ಹುಡುಗ ರಜೆ ಚೀಟಿಯಲ್ಲಿ ‘ಐ ಶಲ್ ಬಿ ಮಚ್ ಒಬ್ಲೈಜ್ಡ್’ ಅಂತ ಬರೆದು ತಂದ. ರಜೆ ಕೊಟ್ಟೆ, ಕಥೆಗಳನ್ನು ಡಿಲೀಟ್ ಮಾಡಿದೆ. ಚಾಟ್‌ಬಾಟ್‌ಗೆ ಹೇಳಿ ಸಾಲು ಬರೆಸಿಯೂ ನೋಡಿದೆ. ಎಲ್ಲ ಸಾಲಿಗೂ ಒಂದೇ ಅಳತೆ, ಎಲ್ಲದರಲ್ಲೂ ರವಿ ಅಥವಾ ಪ್ರಿಯಾ. ತಪ್ಪಿರಲಿಲ್ಲ, ಆದರೆ ‘ವೆಂಟ್ ಹೋಮ್’ ಥರ ಕದ್ದು ಒಳಗೆ ಬರುವ ಸಾಲು ಅದರಲ್ಲಿ ಸಿಗಲ್ಲ. ನನಗೆ ಬೇಕಿದ್ದದ್ದೇ ಅದು. ವಿಒಎ ಆಡಿಯೋ ಹಾಕಿ ಡಿಕ್ಟೋಗ್ಲಾಸ್ (ಕೇಳಿದ್ದನ್ನು ಮಕ್ಕಳು ಸೇರಿ ಮತ್ತೆ ಬರೆಯೋದು) ಮಾಡಿಸಿದ್ದು ಮಾತ್ರ ಚೆನ್ನಾಗಿ ಹಿಡಿಯಿತು. ಅದನ್ನು ಇನ್ನೊಮ್ಮೆ ಬರೀತೀನಿ.

‘ಡಿಸ್ಕಸ್ ಅಬೌಟ್’ನಲ್ಲಿ ‘ಅಬೌಟ್’ ಬೇಡ ಅಂದಿದ್ದಕ್ಕೆ ಸಹೋದ್ಯೋಗಿಯೊಬ್ಬರ ಜೊತೆ ಜಗಳವೇ ಆಯಿತು. ‘ಎಲ್ಲರೂ ಹಂಗೇ ಅಂತಾರೆ, ನಿಮ್ಮದೇನು?’ ಅಂದರು. ಗ್ಲೋಬ್ ಅಂತ ಇಪ್ಪತ್ತು ದೇಶಗಳ ವೆಬ್ ಇಂಗ್ಲಿಷ್ ಕಾರ್ಪಸ್ ಇದೆಯಲ್ಲ, ಅದನ್ನು ತೆಗೆದು ತೋರಿಸಿದೆ. ಭಾರತದ ಖಾನೆಯಲ್ಲಿ ಅಮೆರಿಕಕ್ಕಿಂತ ಜಾಸ್ತಿ ಸಿಗುತ್ತದೆ. ಆದರೆ ಭಾರತದಲ್ಲೂ ‘ಅಬೌಟ್’ ಇಲ್ಲದ್ದೇ ಬಹಳ ಮುಂದಿದೆ. ಹಾಗಾಗಿ ಅವರದ್ದೂ ಅರ್ಧ ಗೆಲುವು, ನನ್ನದೂ ಗೆಲುವು. ಈಗ ನಾನು ಅದನ್ನು ಮಾತಿನಲ್ಲಿ ತಿದ್ದಲ್ಲ, ಪರೀಕ್ಷೆಯ ಪೇಪರಿನಲ್ಲಿ ತಿದ್ದುತ್ತೇನೆ.

ಫಲ ಏನಾಯಿತು? ಎರಡನೇ ವರ್ಷ ಮತ್ತೆ ನೋಟ್‌ಬುಕ್ ಟೈಪ್ ಮಾಡಿ ನೋಡಿದಾಗ ‘ಟೋಲ್ಡ್ ಟು’ ಮೂರರಲ್ಲಿ ಎರಡು ಇದ್ದದ್ದು ಆರರಲ್ಲಿ ಒಂದಕ್ಕೆ ಬಂದಿತ್ತು. ಪ್ರಿಪರೇಟರಿಯಲ್ಲಿ ಪತ್ರದ ಪ್ರಶ್ನೆಗೆ, ಎಡಿಟಿಂಗ್ ಪ್ರಶ್ನೆಗೆ ಅಂಕ ಏರಿತು. ಪಾಸಿಂಗ್ ಪ್ಯಾಕೇಜ್ ಮಕ್ಕಳಿಗೂ ಏರಿತು ಅನ್ನೋದು ನನಗೆ ಹೆಚ್ಚಿನ ಖುಷಿ. ಸಭೆಯಲ್ಲಿ ನಕ್ಕ ಹಿರಿಯರು ಕಳೆದ ಸಲ ಪೆನ್‌ಡ್ರೈವ್ ತಂದಿದ್ದರು. ಕಾಪಿ ಹಾಕಿಕೊಟ್ಟೆ. ಬಾಯಿಮಾತಿನಲ್ಲಿ ಮಾತ್ರ ಏನೂ ಬದಲಾಗಿಲ್ಲ. ಬರೆಯುವಾಗ ಸರಿ ಬರೆಯುವ ಮಗುವೇ ಎದ್ದು ನಿಂತು ‘ಸರ್, ಹೀ ಟೋಲ್ಡ್ ಟು ಮಿ’ ಅನ್ನುತ್ತದೆ.

ಖರ್ಚು: ಒಂದು ಎ4 ಹಾಳೆಗೆ ಎರಡು ಪ್ರತಿ ಹಾಕಿಸಿ ಕತ್ತರಿಸಿದರೆ, ಇಬ್ಬರಿಗೊಂದು ಅಂತ ಕೊಟ್ಟರೆ, ಎರಡು ಸೆಕ್ಷನ್‌ಗೆ ವಾರಕ್ಕೆ ನಲವತ್ತು ಐವತ್ತು ರೂಪಾಯಿ. ವರ್ಷಕ್ಕೆ ಒಂದೂವರೆ ಸಾವಿರದ ಒಳಗೆ. ಆ್ಯಪ್‌ಗೆ ಕಟ್ಟಿದ ದುಡ್ಡಿನಲ್ಲಿ ಎರಡೂವರೆ ವರ್ಷ ನಡೆಯುತ್ತಿತ್ತು.

ಆರ್ಟಿಕಲ್‌ಗೆ ಇದು ಕೆಲಸ ಮಾಡಲ್ಲ. ‘ಎ’ ಮತ್ತು ‘ದ’ ಇಟ್ಟು ಹಾಳೆ ಮೇಲೆ ಹಾಳೆ ಮಾಡಿದೆ, ಮಕ್ಕಳು ಗೆರೆ ಎಳೆದರು, ಏನೂ ಕಾಣಲಿಲ್ಲ. ಎಂಟು ಸಾಲಿನಲ್ಲಿ ಮುಂದಿನ ಪದ ಕಾಣುತ್ತದೆ, ಕಥೆಯಲ್ಲಿ ಹಿಂದೆ ಏನು ಬಂದಿತ್ತು ಅನ್ನೋದು ಕಾಣಲ್ಲ. ಈ ವರ್ಷ ಸಾಲಿನ ಬದಲು ಸ್ಟೋರಿವೀವರ್ ಕಥೆಯ ಇಡೀ ಪ್ಯಾರಾ ಕೊಟ್ಟು ನೋಡ್ತಾ ಇದ್ದೀನಿ. ನಿಮ್ಮಲ್ಲಿ ಯಾರಾದರೂ ಆರ್ಟಿಕಲ್ ಹಾಳೆ ಮಾಡಿ ಗೆದ್ದಿದ್ದರೆ ತಿಳಿಸಿ, ಬದಲಿಗೆ ನನ್ನ ಸಾಲುಗಳ ಲೆಕ್ಕ ಕೊಡ್ತೀನಿ.