ಮೊದಲ ಸ್ಪೀಕರ್ ಜೋಡಿ: ಮೊದಲು ಜಾಗ, ಆಮೇಲೆ ಡಬ್ಬ

ಮನೆಯಲ್ಲೇ ಸ್ಪೀಕರ್ ಕಟ್ಟಲು ಹೊರಟವರು ಹೆಚ್ಚಾಗಿ ಡ್ರೈವರ್ (ಕೋನ್ ಅಲುಗಿಸಿ ಸದ್ದು ಹೊರಡಿಸುವ ಭಾಗ) ಖರೀದಿಯಿಂದ ಶುರುಮಾಡುತ್ತಾರೆ. ಆಮೇಲೆ ಡಬ್ಬ, ಎಲ್ಲ ಮುಗಿದ ಮೇಲೆ ಎಲ್ಲಿಡುವುದೆಂಬ ಯೋಚನೆ. ಈ ಕ್ರಮವನ್ನು ತಿರುಗಿಸಿ. ಸ್ಪೀಕರ್ ಗೋಡೆಗೆ ಒರಗಿ ನಿಲ್ಲುತ್ತದೋ, ಕೋಣೆಯೊಳಕ್ಕೆ ಎರಡಡಿ ಮುಂದೆ ಬರುತ್ತದೋ ಎಂಬುದು ತೀರ್ಮಾನವಾಗುವ ತನಕ ಯಾವ ವಿನ್ಯಾಸ ನಿಮಗೆ ಸರಿ ಎಂದು ಯಾರೂ ಹೇಳಲಾರರು.

ಕಾರಣ ಇದು. ಮೇಲಿನ ಸ್ವರಗಳ ಅಲೆ ಚಿಕ್ಕದು, ಡಬ್ಬದ ಮುಖದಿಂದ ನೇರ ಮುಂದಕ್ಕೆ ಬರುತ್ತದೆ. ತಗ್ಗಿನ ಸ್ವರಗಳ ಅಲೆ ಡಬ್ಬಕ್ಕಿಂತ ಬಹಳ ದೊಡ್ಡದು, ಡಬ್ಬವನ್ನು ಬಳಸಿಕೊಂಡು ಹಿಂದಕ್ಕೂ ಹರಡುತ್ತದೆ. ಹಾಗಾಗಿ ಗೋಡೆಯಿಂದ ದೂರವಿಟ್ಟ ಸ್ಪೀಕರಿನಲ್ಲಿ ಕೆಳಗಿನ ಸ್ವರಗಳು 6 ಡೆಸಿಬೆಲ್‌ವರೆಗೆ ಕುಗ್ಗುತ್ತವೆ. ಇದಕ್ಕೆ ಬ್ಯಾಫಲ್ ಸ್ಟೆಪ್ ಎನ್ನುತ್ತಾರೆ. ಇಳಿತದ ನಡುಭಾಗ ಎಲ್ಲಿ ಬೀಳುತ್ತದೆಂದು ತಿಳಿಯಲು 115ನ್ನು ಡಬ್ಬದ ಮುಖದ ಅಗಲದಿಂದ (ಮೀಟರಿನಲ್ಲಿ) ಭಾಗಿಸಿ. 20 ಸೆಂ.ಮೀ. ಅಗಲಕ್ಕೆ ಉತ್ತರ 575 ಹರ್ಟ್ಜ್. ಮನುಷ್ಯನ ದನಿಗೆ ಮೈ ಕೊಡುವ ಭಾಗ ಇದರ ಕೆಳಗೇ ಇದೆ.

ವಿನ್ಯಾಸಕಾರರು ಇದನ್ನು ಕ್ರಾಸೋವರಿನಲ್ಲಿ (ತಗ್ಗಿನ ಸ್ವರವನ್ನು ದೊಡ್ಡ ಡ್ರೈವರಿಗೆ, ಮೇಲಿನದನ್ನು ಚಿಕ್ಕದಕ್ಕೆ ಹಂಚುವ ಸರ್ಕ್ಯೂಟು) ಸರಿದೂಗಿಸುತ್ತಾರೆ, ಅಂದರೆ ಮೇಲಿನದನ್ನು ತಗ್ಗಿಸಿ ಕೆಳಗಿನದಕ್ಕೆ ಸಮ ಮಾಡುತ್ತಾರೆ. 88 ಡೆಸಿಬೆಲ್ ಎಂದು ಬರೆದಿರುವ ವೂಫರ್ (ತಗ್ಗಿನ ಸ್ವರದ ಡ್ರೈವರ್) ಸಿದ್ಧ ಸ್ಪೀಕರಿನಲ್ಲಿ 82-84ಕ್ಕೆ ಇಳಿಯುವುದು ಇದರಿಂದಲೇ. ಈಗ ಪೂರ್ತಿ ಸರಿದೂಗಿಸಿದ ಸ್ಪೀಕರನ್ನು ತಂದು ಗೋಡೆಗೆ ಒತ್ತಿಟ್ಟರೆ ಗೋಡೆಯೂ ತನ್ನ ಪಾಲು ಸೇರಿಸುತ್ತದೆ, ವಾರ್ತೆ ಓದುವವರು ಕೊಡದೊಳಗೆ ತಲೆಯಿಟ್ಟು ಓದಿದಂತೆ ಕೇಳುತ್ತದೆ. ಗೋಡೆಗೆಂದು ಮಾಡಿದ್ದನ್ನು ಮುಂದಕ್ಕೆ ತಂದರೆ ದನಿ ತೆಳ್ಳಗೆ, ಚುರುಕು ಹೆಚ್ಚು. ಡ್ರೈವರ್ ಬದಲಿಸಿದರೆ ಇದು ಹೋಗುವುದಿಲ್ಲ.

ಆದ್ದರಿಂದ ಟೇಪು ಹಿಡಿದು ನಿಲ್ಲಿ. ಡಬ್ಬದ ಹಿಂಬದಿಗೂ ಗೋಡೆಗೂ 20-30 ಸೆಂ.ಮೀ.ಗಿಂತ ಹೆಚ್ಚು ಸಿಗುವುದಿಲ್ಲವೆಂದರೆ 2-3 ಡೆಸಿಬೆಲ್ ಮಾತ್ರ ಸರಿದೂಗಿಸಿರುವ, ಮುಚ್ಚಿದ ಡಬ್ಬದ ಅಥವಾ ಮುಂದೆ ಪೋರ್ಟ್ (ಗಾಳಿಯಾಡುವ ಪೈಪು) ಇರುವ ವಿನ್ಯಾಸ ಹುಡುಕಿ. ಅರ್ಧ ಮೀಟರಿಗಿಂತ ಹೆಚ್ಚು ಸಿಕ್ಕರೆ 4-6 ಡೆಸಿಬೆಲ್ಲಿನದು ಹೊಂದುತ್ತದೆ.

ವಿನ್ಯಾಸ ಎರವಲು ಪಡೆಯಿರಿ

ಮೊದಲ ಜೋಡಿಗೆ ಸ್ವಂತ ಕ್ರಾಸೋವರ್ ಬರೆಯಲು ಹೋಗಬೇಡಿ. ಡೆನ್ಮಾರ್ಕಿನ ಟ್ರೋಲ್ಸ್ ಗ್ರಾವೆಸೆನ್, ಅಮೆರಿಕದ ಪಾಲ್ ಕಾರ್ಮೊಡಿ ಅಂಥವರು ಡಬ್ಬದ ಅಳತೆ, ಕ್ರಾಸೋವರ್ ನಕ್ಷೆ ಎಲ್ಲವನ್ನೂ ಪ್ರಕಟಿಸಿದ್ದಾರೆ. ಅದರಲ್ಲಿ ಒಂದನ್ನು ಆರಿಸಿ, ಹೇಳಿದ ಡ್ರೈವರನ್ನೇ ಹಾಕಿ. "ಅದೇ ಸೈಜಿನ ಬೇರೆ ವೂಫರ್" ಎಂಬ ರಾಜಿಯೇ ಮೊದಲ ಜೋಡಿಗಳನ್ನು ಹಾಳುಮಾಡುವುದು. ಅಂಗಡಿಯಲ್ಲಿ ಸಿಗುವ ರೆಡಿಮೇಡ್ ಕ್ರಾಸೋವರ್ ಬೋರ್ಡೂ ಅಷ್ಟೆ. ಅದು ಡ್ರೈವರನ್ನು ಎಲ್ಲ ಸ್ವರಕ್ಕೂ ಒಂದೇ 8 ಓಮ್ ತೋರಿಸುವ ರೆಸಿಸ್ಟರ್ ಎಂದು ಭಾವಿಸಿ ಲೆಕ್ಕ ಹಾಕಿದ್ದು. ನಿಜವಾದ ವೂಫರಿನ ಓಮ್ ಸ್ವರ ಏರಿದಂತೆ ಏರುತ್ತದೆ.

ಕ್ರಾಸೋವರ್ ಬೇಡವೇ ಬೇಡ ಎನ್ನುವವರಿಗೆ ಎಲ್ಲ ಸ್ವರಗಳನ್ನೂ ಒಂದೇ ನುಡಿಸುವ, 3 ಅಥವಾ 4 ಇಂಚಿನ ಫುಲ್‌ರೇಂಜ್ ಡ್ರೈವರ್ ಒಂದು ದಾರಿ. 10×12 ಕೋಣೆಯಲ್ಲಿ ಮಾತು, ವೀಣೆ, ಕೊಳಲು ಚೆನ್ನಾಗಿ ಬರುತ್ತವೆ. ಮೃದಂಗದ ತೊಪ್ಪಿಯ ಭಾರ ಪೂರ್ತಿ ಬರುವುದಿಲ್ಲ, ಜೋರು ಮಾಡಿದರೆ ಬೇಗ ಏದುಸಿರು ಬಿಡುತ್ತದೆ. ಗೋಡೆಯ ಬಳಿ ಹಾಗೇ ನಡೆಯುತ್ತದೆ. ಮುಂದೆ ತಂದಿಟ್ಟರೆ ಒಂದು ಕಾಯಿಲು, ಒಂದು ರೆಸಿಸ್ಟರನ್ನು ಪರಸ್ಪರ ಸಮಾಂತರ ಜೋಡಿಸಿ ಡ್ರೈವರಿನ ಸಾಲಿನಲ್ಲಿ (ಸೀರೀಸ್) ಹಾಕಿ. 8 ಓಮಿನ ಡ್ರೈವರ್, 20 ಸೆಂ.ಮೀ. ಅಗಲದ ಮುಖಕ್ಕೆ 1 ಮಿಲಿಹೆನ್ರಿ ಮತ್ತು 3.3 ಓಮ್ ಹಾಕಿದರೆ 3 ಡೆಸಿಬೆಲ್ ತಗ್ಗುತ್ತದೆ.

ಡ್ರೈವರ್ ಕೊಳ್ಳುವಾಗ ಥೀಲ್-ಸ್ಮಾಲ್ ಅಂಕಿಗಳಿಲ್ಲದಿದ್ದರೆ ವಾಪಸು ಕೊಡಿ. "1000 ವ್ಯಾಟ್ ಪಿಎಂಪಿಒ" ಎಂಬುದು ಅಳತೆಯೇ ಅಲ್ಲ. ಬೇಕಾದದ್ದು ಎಫ್‌ಎಸ್ (ಡ್ರೈವರ್ ತಾನಾಗಿ ಅನುರಣಿಸುವ ಸ್ವರ), ಕ್ಯೂಟಿಎಸ್ (ಆ ಅನುರಣನ ಎಷ್ಟು ಹತೋಟಿಯಲ್ಲಿದೆ), ವಿಎಎಸ್ (ಕೋನಿನ ಬಿಗಿತಕ್ಕೆ ಸಮನಾದ ಗಾಳಿ, ಲೀಟರಿನಲ್ಲಿ). ಮುಚ್ಚಿದ ಡಬ್ಬದ ಲೆಕ್ಕ ಸರಳ: ವಿಎಎಸ್ ಅನ್ನು ಡಬ್ಬದ ಲೀಟರಿನಿಂದ ಭಾಗಿಸಿ, 1 ಕೂಡಿಸಿ, ವರ್ಗಮೂಲ ತೆಗೆದು ಕ್ಯೂಟಿಎಸ್‌ನಿಂದ ಗುಣಿಸಿ. ಕ್ಯೂಟಿಎಸ್ 0.4, ವಿಎಎಸ್ 20 ಲೀಟರ್, ಡಬ್ಬ 10 ಲೀಟರ್ ಆದರೆ 0.69. ಈ ಅಂಕಿ ಡಬ್ಬದಲ್ಲಿ ತಗ್ಗಿನ ಸ್ವರ ಎಷ್ಟು ಉಬ್ಬುತ್ತದೆಂದು ಹೇಳುತ್ತದೆ. ಗುರಿ 0.7 ಆದ್ದರಿಂದ ಇದು ಸೊಗಸು. ವಿಎಎಸ್ ಅಷ್ಟೇ ಇದ್ದು ಕ್ಯೂಟಿಎಸ್ 0.7 ಇರುವ ಕಾರಿನ ಬಾಗಿಲ ಸ್ಪೀಕರನ್ನು ಅದೇ ಡಬ್ಬಕ್ಕೆ ಹಾಕಿದರೆ 1.21 ಬರುತ್ತದೆ, ತಗ್ಗಿನಲ್ಲಿ ಸುಮಾರು 2.5 ಡೆಸಿಬೆಲ್ಲಿನ ಗುಬ್ಬಟೆ ಏಳುತ್ತದೆ. ಕಾರಿನ ಸ್ಪೀಕರ್ ಮನೆಯಲ್ಲಿ ಗುಂಯ್‌ಗುಡುವುದು ಹೀಗೆ.

ಒಂದು ಡಬ್ಬದ ಕಟಿಂಗ್ ಲೆಕ್ಕ

ಒಳಗೆ 16.4 × 20 × 30.5 ಸೆಂ.ಮೀ. ಅಂದರೆ 10 ಲೀಟರ್. 5 ಇಂಚಿನ ವೂಫರಿನ ಹಲವು ವಿನ್ಯಾಸಗಳು ಈ ಸುತ್ತಿನಲ್ಲೇ ಬರುತ್ತವೆ. 18 ಮಿ.ಮೀ. ಹಲಗೆಯಲ್ಲಿ ಒಂದು ಜೋಡಿಗೆ 20 × 34.1 ಸೆಂ.ಮೀ.ನ ಎಂಟು ತುಂಡು (ಮುಂದೆ, ಹಿಂದೆ, ಎರಡು ಪಕ್ಕ), 20 × 16.4 ಸೆಂ.ಮೀ.ನ ನಾಲ್ಕು ತುಂಡು (ಮೇಲೆ, ಕೆಳಗೆ). ಎಲ್ಲದರ ಅಗಲವೂ 20 ಇರುವಂತೆ ಬೇಕೆಂದೇ ಇಟ್ಟದ್ದು. 4×2 ಅಡಿ ತುಂಡಿನಿಂದ 20 ಸೆಂ.ಮೀ.ನ ಮೂರು ಪಟ್ಟಿ ಸೀಳಿದರೆ, ಗರಗಸ ತಿನ್ನುವ 3 ಮಿ.ಮೀ. ಸೇರಿಸಿಯೂ ಎಲ್ಲ ತುಂಡುಗಳು ಅದರಲ್ಲೇ ಸಿಗುತ್ತವೆ. ಅಗಲದಲ್ಲಿ ಉಳಿಯುವುದು ನಾಲ್ಕೇ ಮಿ.ಮೀ., ಆದ್ದರಿಂದ ಮೂಲೆ ಜಜ್ಜಿದ ತುಂಡು ಬೇಡ. 18 ಎಂದು ಕೊಡುವ ಹಲಗೆ 17.5 ಇರುವುದುಂಟು; ಕತ್ತರಿಸುವ ಮೊದಲು ವರ್ನಿಯರ್ ಹಿಡಿದು ನೋಡಿ, 16.4ನ್ನು ಅದಕ್ಕೆ ತಕ್ಕಂತೆ ತಿದ್ದಿ.

ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಕತ್ತರಿಸಲು ಸುಲಭ, ಸದ್ದು ಮಾಡುವುದಿಲ್ಲ, ಆದರೆ ನೀರು ಕುಡಿದರೆ ಅಂಚು ಉಬ್ಬುತ್ತದೆ. ಕರಾವಳಿ, ಮಲೆನಾಡಿನ ಮನೆಗಳಿಗೆ ಬಿಡಬ್ಲ್ಯೂಪಿ (ಕುದಿನೀರು ತಡೆಯುವ) ಪ್ಲೈವುಡ್ ಅಥವಾ ಎಚ್‌ಡಿಎಚ್‌ಎಂಆರ್ (ತೇವ ತಡೆಯುವ ದಟ್ಟ ನಾರಿನ) ಹಲಗೆ ವಾಸಿ. ಬೆಂಗಳೂರಿನಲ್ಲಾದರೆ ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಕಡೆ ಹಲಗೆಯನ್ನು ವಿಚಾರಿಸಬಹುದು. ಕಾಯಿಲು, ಕಂಡೆನ್ಸರ್, ಟರ್ಮಿನಲ್‌ಗಳಿಗೆ ಎಸ್.ಪಿ. ರಸ್ತೆ. ವೂಫರಿನ ದುಂಡನೆಯ ತೂತನ್ನು ಕೈಗರಗಸದಲ್ಲಿ ಮಾಡಲು ಹೋಗಬೇಡಿ, ಸಿಎನ್‌ಸಿ ಅಥವಾ ರೂಟರಿನಲ್ಲಿ ಮಾಡಿಸಿ. ಡ್ರೈವರ್ ಕೈಗೆ ಬಂದ ಮೇಲೆ ಅಳೆದೇ ತೂತು ಹೊಡೆಸಿ.

ಪೋರ್ಟ್ ಬಗ್ಗೆ ಒಂದು ಎಚ್ಚರಿಕೆ. ವೂಫರ್, ಪೈಪು, ಕ್ರಾಸೋವರ್ ಕಳೆದರೆ ಈ ಡಬ್ಬದಲ್ಲಿ ಉಳಿಯುವುದು ಸುಮಾರು 9 ಲೀಟರ್. 50 ಹರ್ಟ್ಜ್‌ಗೆ ಕೂರಿಸಲು ಒಳವ್ಯಾಸ 5 ಸೆಂ.ಮೀ. ಪೈಪಾದರೆ ಉದ್ದ 22.5 ಸೆಂ.ಮೀ. ಬೇಕು, 20 ಸೆಂ.ಮೀ. ಆಳದ ಡಬ್ಬದಲ್ಲಿ ಅದು ಹಿಡಿಸುವುದೇ ಇಲ್ಲ. 4 ಸೆಂ.ಮೀ. ಪೈಪಾದರೆ 13.8 ಸೆಂ.ಮೀ. ಸಾಕು, ಬದಲಿಗೆ ಜೋರಿನಲ್ಲಿ ಗಾಳಿಯ ಸುಯ್‌ಗುಡುವಿಕೆ ಸ್ವಲ್ಪ ಹೆಚ್ಚು. ಪಿವಿಸಿ ಪೈಪಿನ ಮೇಲೆ ಬರೆದಿರುವುದು ಹೊರವ್ಯಾಸ. ಒಳಗಿನದನ್ನು ನೀವೇ ಅಳೆಯಿರಿ.

ಅಂಟಿಗೆ ಫೆವಿಕಾಲ್, ಕ್ಲ್ಯಾಂಪ್ ಬಿಗಿದು ಒಂದು ರಾತ್ರಿ. ಒಳಸಂದುಗಳಿಗೆ ಮತ್ತೊಂದು ಗೆರೆ ಅಂಟು ಎಳೆಯಿರಿ. ಹುಳಿ ವಾಸನೆಯ ಸಿಲಿಕೋನ್ ತಾಮ್ರಕ್ಕೆ ಕಿಲುಬು ಹಿಡಿಸುತ್ತದೆ, ನ್ಯೂಟ್ರಲ್ ಸಿಲಿಕೋನ್ ಕೇಳಿ ತನ್ನಿ. ತುಂಬಲು ದಿಂಬಿನ ಪಾಲಿಯೆಸ್ಟರ್ ನಾರು ಸಾಕು. ಮುಚ್ಚಿದ ಡಬ್ಬದಲ್ಲಿ ಸಡಿಲವಾಗಿ ಪೂರ್ತಿ, ಪೋರ್ಟ್ ಇರುವುದರಲ್ಲಿ ಗೋಡೆಗಳಿಗೆ ಮಾತ್ರ, ಪೈಪಿನ ಬಾಯಿ ಖಾಲಿ. ಹತ್ತಿ ಬೇಡ, ತೇವ ಎಳೆದು ಕೆಳಗೆ ಕುಸಿಯುತ್ತದೆ. ಕ್ರಾಸೋವರಿನ ಎರಡು ಕಾಯಿಲುಗಳನ್ನು ಪಕ್ಕಪಕ್ಕ ಒಂದೇ ದಿಕ್ಕಿಗೆ ಮಲಗಿಸಬೇಡಿ. ಒಂದರ ಕಾಂತಕ್ಷೇತ್ರ ಇನ್ನೊಂದಕ್ಕೆ ಹೊಕ್ಕು ಲೆಕ್ಕವೇ ಕೆಡುತ್ತದೆ. ಒಂದನ್ನು ಮಲಗಿಸಿ, ಇನ್ನೊಂದನ್ನು ನಿಲ್ಲಿಸಿ, ನಡುವೆ ಒಂದು ಗೇಣು ಬಿಡಿ.

ಆಂಪ್ಲಿಫೈಯರಿಗೆ ಕೊಡುವ ಮೊದಲು ಟರ್ಮಿನಲ್‌ಗೆ ಮಲ್ಟಿಮೀಟರ್ ಹಿಡಿಯಿರಿ. 8 ಓಮಿನದಾದರೆ 5.5ರಿಂದ 7, 4 ಓಮಿನದಾದರೆ 3ರಿಂದ 4 ತೋರಿಸಬೇಕು. ಸೊನ್ನೆಯ ಹತ್ತಿರ ಬಂದರೆ ಎಲ್ಲೋ ಶಾರ್ಟ್. ವೂಫರಿನ ಕಾಲಿಗೆ 1.5 ವೋಲ್ಟ್ ಪೆನ್ಸಿಲ್ ಸೆಲ್ಲನ್ನು ಕ್ಷಣ ತಾಗಿಸಿದಾಗ ಕೋನ್ ಹೊರಗೆ ಜಿಗಿದರೆ ಸೆಲ್ಲಿನ ಪ್ಲಸ್ ಇರುವ ಕಾಲೇ ಪ್ಲಸ್. ಟ್ವೀಟರಿಗೆ (ಮೇಲಿನ ಸ್ವರದ ಚಿಕ್ಕ ಡ್ರೈವರ್) ಈ ಪರೀಕ್ಷೆ ಮಾಡಬೇಡಿ. ಗಾಳಿ ಸೋರಿಕೆ ನೋಡಲು 40 ಹರ್ಟ್ಜ್ ಸ್ವರ ಮೆಲ್ಲಗೆ ನುಡಿಸಿ ಸಂದುಗಳ ಉದ್ದಕ್ಕೂ ಊದುಬತ್ತಿ ಹಿಡಿಯಿರಿ. ಹೊಗೆ ನಡುಗಿದ ಕಡೆ ಸೋರಿಕೆ ಇದೆ. ತಂತಿಗೆ 1.5 ಚದರ ಮಿ.ಮೀ. ತಾಮ್ರದ ಮನೆವೈರು 5 ಮೀಟರ್ ತನಕ ಧಾರಾಳ. ಅದಕ್ಕಿಂತ ದುಬಾರಿಯದು ಅಂಗಡಿಯವರಿಗೆ ಲಾಭ.

ಕೋಣೆಯಲ್ಲಿ ಕೂರಿಸುವುದು

ನಮ್ಮ ಮನೆಗಳ 10×12 ಅಡಿ ಕೋಣೆಗೆ ಒಂದು ಹುಟ್ಟುದೋಷವಿದೆ. ಸೂರು ಕೂಡ 10 ಅಡಿ. 10 ಅಡಿ ಅಂತರದ ಗೋಡೆಗಳ ನಡುವೆ ಸುಮಾರು 57 ಹರ್ಟ್ಜ್ ಅನುರಣಿಸುತ್ತದೆ, ನೆಲ ಮತ್ತು ಸೂರಿನ ನಡುವೆಯೂ ಅದೇ 57. ಎರಡೂ ಒಂದರ ಮೇಲೊಂದು ಬಿದ್ದು ಆ ಒಂದು ಸ್ವರ ಮಾತ್ರ ಉಬ್ಬುತ್ತದೆ. 12 ಅಡಿಯ ಉದ್ದದಲ್ಲಿ 47 ಹರ್ಟ್ಜ್. ಕೋಣೆಯ ನಟ್ಟನಡುವೆ ಕೂತರೆ ಅದು ಮಾಯ, ಗೋಡೆಗೆ ಒರಗಿ ಕೂತರೆ ವಿಪರೀತ.

ಹಾಗಾಗಿ ಸ್ಪೀಕರುಗಳನ್ನು 10 ಅಡಿಯ ಗೋಡೆಯ ಕಡೆ ಇಟ್ಟು ಉದ್ದಕ್ಕೆ ನುಡಿಸಿ. ವೂಫರಿನ ಮುಖ ಹಿಂಗೋಡೆಯಿಂದ 45 ಸೆಂ.ಮೀ., ಡಬ್ಬದ ನಡುಗೆರೆ ಪಕ್ಕದ ಗೋಡೆಯಿಂದ 62 ಸೆಂ.ಮೀ. ಎರಡರ ನಡುವೆ ಆಗ 180 ಸೆಂ.ಮೀ. ಉಳಿಯುತ್ತದೆ. ಸಮಬಾಹು ತ್ರಿಕೋನದ ನಿಯಮ ಹಿಡಿದು ಕೂತರೆ ನಿಮ್ಮ ತಲೆ ಹೆಚ್ಚುಕಡಿಮೆ ಕೋಣೆಯ ನಡುವಿಗೇ ಬರುತ್ತದೆ. ಅದನ್ನು ಬಿಟ್ಟು, ನಿಮ್ಮ ಬೆನ್ನ ಹಿಂದಿನ ಗೋಡೆಯಿಂದ 139 ಸೆಂ.ಮೀ.ಗೆ ಕುರ್ಚಿ ಹಾಕಿ. ಪ್ರತಿ ಸ್ಪೀಕರಿನಿಂದ ಎರಡು ಮೀಟರ್ ಆಗುತ್ತದೆ, ಇಷ್ಟು ವ್ಯತ್ಯಾಸಕ್ಕೆ ಸ್ಟೀರಿಯೋ ಕೆಡುವುದಿಲ್ಲ. ಸ್ಪೀಕರಿಗೆ ಹಿಂಗೋಡೆಯ ದೂರ, ಪಕ್ಕದ ಗೋಡೆಯ ದೂರ ಒಂದೇ ಇರಬಾರದು, ಒಂದು ಇನ್ನೊಂದರ ಎರಡರಷ್ಟೂ ಇರಬಾರದು.

ಹಿಂಗೋಡೆಯ ದೂರಕ್ಕೆ ಇಷ್ಟು ಒತ್ತು ಏಕೆಂದರೆ ಗೋಡೆಯಿಂದ ತಿರುಗಿ ಬಂದ ಅಲೆ ನೇರ ಬರುವುದನ್ನು ಒಂದು ಸ್ವರದಲ್ಲಿ ಅಳಿಸಿಬಿಡುತ್ತದೆ. ಆ ಸ್ವರ ತಿಳಿಯಲು 86ನ್ನು ವೂಫರಿನ ಮುಖದಿಂದ ಗೋಡೆಗಿರುವ ಮೀಟರಿನಿಂದ ಭಾಗಿಸಿ. 60 ಸೆಂ.ಮೀ.ಗೆ 143 ಹರ್ಟ್ಜ್, 45ಕ್ಕೆ 191, 34ಕ್ಕೆ (ಡಬ್ಬವನ್ನು ಗೋಡೆಯಿಂದ 10 ಸೆಂ.ಮೀ. ಬಿಟ್ಟು ಇಟ್ಟರೆ) 253. ಹತ್ತಿರವಾದಷ್ಟೂ ಹಳ್ಳ ಮೇಲಕ್ಕೆ ಸರಿದು ಆಳ ಕಡಿಮೆಯಾಗುತ್ತದೆ.

ಎತ್ತರದಲ್ಲಿ ಟ್ವೀಟರ್ ಕಿವಿಯ ಮಟ್ಟಕ್ಕಿರಬೇಕು. ಸೋಫಾದಲ್ಲಿ ಕೂತರೆ ಕಿವಿ ಸುಮಾರು 95 ಸೆಂ.ಮೀ., ಚಾಪೆಯ ಮೇಲಾದರೆ 70. ಈ ಡಬ್ಬದಲ್ಲಿ ಟ್ವೀಟರ್ ತಳದಿಂದ 27 ಸೆಂ.ಮೀ. ಮೇಲಿದೆ ಎಂದಿಟ್ಟುಕೊಂಡರೆ ಸ್ಟ್ಯಾಂಡು ಕ್ರಮವಾಗಿ 68 ಮತ್ತು 43. ನೆಲದಲ್ಲಿ ಕೂರುವವರಿಗೆ 40 ಸೆಂ.ಮೀ. ಸಾಲಿಡ್ ಕಾಂಕ್ರೀಟ್ ಬ್ಲಾಕನ್ನು ನೆಟ್ಟಗೆ ನಿಲ್ಲಿಸಿ, ಮೇಲೆ ಕಡಪ ಕಲ್ಲಿನ ಚೂರು ಅಂಟಿಸಿದರೆ ಸ್ಟ್ಯಾಂಡು ಸಿದ್ಧ. ಮಕ್ಕಳಿರುವ ಮನೆಯಲ್ಲಿ ಬ್ಲಾಕನ್ನು ಗೋಡೆಗೆ ಬಿಗಿಯಿರಿ.

ಟೈಲ್ಸ್ ನೆಲ, ಬೋಳು ಗೋಡೆ ಇದ್ದಲ್ಲಿ ಚಪ್ಪಾಳೆ ತಟ್ಟಿದರೆ ಝಿಂಗೆಂದು ಮರುದನಿ ಬರುತ್ತದೆ. ತೆಳು ಜಮಖಾನ ಮೇಲಿನ ಸ್ವರಗಳನ್ನಷ್ಟೇ ಹೀರುತ್ತದೆ, ಕೆಳಗಿನದಕ್ಕೆ ದಪ್ಪ ಹಾಸಿಗೆ, ಪುಸ್ತಕದ ಕಪಾಟು ಬೇಕು. ನೀವು ಕುರ್ಚಿಯಲ್ಲಿ ಕೂತು ಇನ್ನೊಬ್ಬರು ಪಕ್ಕದ ಗೋಡೆಯಲ್ಲಿ ಕನ್ನಡಿ ಸರಿಸುತ್ತ ಹೋಗಲಿ. ಟ್ವೀಟರ್ ಕಂಡ ಜಾಗದಲ್ಲಿ ದಪ್ಪ ಪರದೆ ಇಳಿಬಿಡಿ.

ಆಮೇಲೆ ಕಿವಿಯ ಕೆಲಸ. ಒಬ್ಬರೇ ಮಾತಾಡುವ ಮೋನೋ ಧ್ವನಿ ಹಾಕಿ. ದನಿ ನಡುವಿನಲ್ಲಿ ಒಂದೇ ಬಿಂದುವಾಗಿ ನಿಲ್ಲಬೇಕು. ಎತ್ತಲೂ ನಿಲ್ಲದೆ ಚದುರಿ, ತಗ್ಗು ತೆಳ್ಳಗಾಗಿದ್ದರೆ ಒಂದು ಸ್ಪೀಕರಿನ ಪ್ಲಸ್-ಮೈನಸ್ ಅದಲುಬದಲಾಗಿದೆ. ಸ್ಪೀಕರುಗಳ ಮುಖವನ್ನು ನಿಮ್ಮ ಭುಜದ ಹಿಂದಕ್ಕೆ ಗುರಿಯಿಟ್ಟು ಶುರುಮಾಡಿ. ಫುಲ್‌ರೇಂಜ್ ಚುಚ್ಚುವಂತಿದ್ದರೆ ಇನ್ನಷ್ಟು ಹೊರಕ್ಕೆ ತಿರುಗಿಸಿ. ಗುಂಯ್‌ಗುಡುವಿಕೆ ಉಳಿದಿದ್ದರೆ ಪೋರ್ಟಿಗೆ ಕಾಲುಚೀಲ ತುರುಕಿ ಕೇಳಿ. ಹಾಯೆನಿಸಿದರೆ ಅದನ್ನು ಅಲ್ಲೇ ಬಿಡಿ, ಅದರಲ್ಲಿ ನಾಚಿಕೆ ಏನಿಲ್ಲ.

ಅಳೆಯುವ ಆಸೆ ಇದ್ದವರಿಗೆ ರೂಮ್ ಇಕ್ಯೂ ವಿಝರ್ಡ್ ಎಂಬ ಕಂಪ್ಯೂಟರ್ ತಂತ್ರಾಂಶ ಉಚಿತವಾಗಿ ಸಿಗುತ್ತದೆ, ಜೊತೆಗೆ ಕ್ಯಾಲಿಬ್ರೇಟ್ ಮಾಡಿದ ಯುಎಸ್‌ಬಿ ಮೈಕು ಬೇಕು. ಫೋನಿನ ಮೈಕು ತಗ್ಗಿನ ಸ್ವರಗಳಿಗೆ ನಂಬಿಕೆಗೆ ಅರ್ಹವಲ್ಲ. ಗ್ರಾಫಿನಲ್ಲಿ ಕಂಡ ಹಳ್ಳವನ್ನು ಈಕ್ವಲೈಸರಿನಲ್ಲಿ 10 ಡೆಸಿಬೆಲ್ ಎತ್ತಿ ತುಂಬಲು ಹೋಗಬೇಡಿ. ಆಂಪ್ಲಿಫೈಯರಿನಿಂದ ಹತ್ತು ಪಟ್ಟು ಶಕ್ತಿ ಹೋಗುತ್ತದೆ, ತಿರುಗಿ ಬರುವ ಅಲೆಯೂ ಅಷ್ಟೇ ಬೆಳೆಯುವುದರಿಂದ ಹಳ್ಳ ಹಾಗೇ ಉಳಿಯುತ್ತದೆ. ಕುರ್ಚಿಯನ್ನೋ ಸ್ಪೀಕರನ್ನೋ ಒಂದು ಸಲಕ್ಕೆ 10 ಸೆಂ.ಮೀ. ಸರಿಸಿ, ನೆಲದ ಮೇಲೆ ಮಾಸ್ಕಿಂಗ್ ಟೇಪಿನಲ್ಲಿ ಗುರುತು ಹಾಕಿ, ಮತ್ತೆ ಅಳೆಯಿರಿ.